ಹಿಡಿಕೆಗೆ ಕಟ್ಟಿದ ಟವಲು

ಆಯುಧಪೂಜೆಯ ಬೆಳಿಗ್ಗೆ ನಮ್ಮ ಮನೆಯಲ್ಲಿ ಹೂವಿನಿಂದ ತಪ್ಪಿಸಿಕೊಳ್ಳುವ ವಸ್ತು ಒಂದೂ ಇರುವುದಿಲ್ಲ. ಸ್ಕೂಟರಿಗೆ ಹೂ, ಮಿಕ್ಸಿಗೆ ಹೂ, ಕತ್ತಿಗೆ ಹೂ. ಮೊನ್ನೆ ನಾನು ಸ್ನಾನ ಮುಗಿಸಿ ಜಗಲಿಗೆ ಬರುವಷ್ಟರಲ್ಲಿ ಕರೆಂಟಿನ ಮೇನ್ ಸ್ವಿಚ್ಚಿನ ಹಿಡಿಕೆಗೂ ಒಂದು ಮೊಳ ಸೇವಂತಿಗೆ ಬಿದ್ದಿತ್ತು. ಅದರ ವಾಸನೆ ಮೂಗಿಗೆ ತಾಗಿದ್ದೇ ತಡ, ಸ್ಟೂಲು ಎಳೆದುಕೊಂಡು ಹತ್ತಿ, ಹೂವನ್ನು ಬಿಡಿಸಿ ಪಕ್ಕದ ಮೊಳೆಗೆ ತೂಗುಹಾಕಿದೆ.

“ಹಬ್ಬದ ದಿನ ಆದ್ರೂ ಅದನ್ನ ಹಾಗೇ ಬಿಡಬಾರ್ದಾ ಮಾವ?” ಎಂದಳು ಸೊಸೆ.

“ಸ್ವಿಚ್ಚಿನ ಹಿಡಿಕೆ ಯಾವಾಗ್ಲೂ ಬರಿದಾಗಿರ್ಬೇಕು.”

“ಅದ್ಯಾಕೆ?”

ಅವಳು ಈ ಮನೆಗೆ ಬಂದಾಗಿನಿಂದ ಪ್ರತಿ ವರ್ಷ ಅವಳು ಹೂ ಹಾಕುವುದು, ನಾನು ತೆಗೆಯುವುದು ನಡೆದೇ ಇದೆ. ‘ಅದ್ಯಾಕೆ’ ಎಂದು ಕೇಳಿದ್ದು ಮಾತ್ರ ಇದೇ ಮೊದಲು. ಸಾಮಾನ್ಯವಾಗಿ ನನ್ನ ನಿಯಮಗಳಿಗೆ ಈ ಮನೆಯಲ್ಲಿ ಯಾರೂ ಕಾರಣ ಕೇಳುವುದಿಲ್ಲ. ಅದು ಗೌರವವೆಂದು ನಾನು ತಿಳಿದಿದ್ದೆ. ಕೇಳಿದಳಲ್ಲ ಎಂದು ಖುಷಿಯಾಗಿ, ಕಾಫಿ ಆರುವವರೆಗೂ ಹೇಳಿದೆ. ನಿಮಗೂ ಹೇಳುತ್ತೇನೆ.

ಅದು ಅರವತ್ತರ ದಶಕ. ಜೋಗದಲ್ಲಿ ಹುಟ್ಟಿದ ಕರೆಂಟು ದೂರದ ನೆಂಟರ ಮನೆಗಳನ್ನೆಲ್ಲ ಸುತ್ತಿ ಮುಗಿಸಿ, ಕೊನೆಗೆ ತವರು ನೆನಪಾದ ಮಗಳಂತೆ ನಮ್ಮ ಕಡೆಯ ಊರುಗಳಿಗೆ ಬರತೊಡಗಿದ ಕಾಲ. ಕೋಣಂದೂರಿನ ಆಚೆಗೆ ಒಂದು ಸಣ್ಣ ಸಂತೆಯೂರು. ಹೆಸರು ಹೇಳುವುದಿಲ್ಲ, ಅಲ್ಲಿಯವರು ಈಗಲೂ ಮುನಿಸಿಕೊಂಡಾರು. ಆ ಊರಿನ ಬಾಯಲ್ಲಿ ಒಂದು ಹೆಂಚಿನ ಕೋಣೆ ಕಟ್ಟಿದ್ದರು. ಒಳಗೆ ಗೋಡೆಯಲ್ಲಿ ಮೊಳದುದ್ದದ ಕಬ್ಬಿಣದ ಹಿಡಿಕೆ. ಮೇಲೆತ್ತಿದರೆ ಊರಿನ ತಂತಿಗೆಲ್ಲ ಕರೆಂಟು, ಇಳಿಸಿದರೆ ಇಲ್ಲ. ಆ ಹಿಡಿಕೆಯನ್ನು ಕಾಯುವುದು ನನ್ನ ಮೊದಲ ನೌಕರಿ.

ನೌಕರಿಗೆ ಬೇಕಾದ ವಿದ್ಯೆ ನನ್ನಲ್ಲಿ ಎಷ್ಟಿತ್ತೋ, ಶಿಸ್ತಂತೂ ಬೇಕಾದ್ದಕ್ಕಿಂತ ಹೆಚ್ಚಿತ್ತು. ನಾನು ಓದಿದ್ದು ಹಾಸ್ಟೆಲಿನಲ್ಲಿ. ಏಳಲು ಗಂಟೆ, ಉಣ್ಣಲು ಗಂಟೆ, ಮಲಗಲು ಗಂಟೆ. ಹೊದೆದ ಚಾದರವನ್ನು ಮೂಲೆಗೆ ಮೂಲೆ ಕೂಡಿಸಿ ಮಡಚದಿದ್ದರೆ ವಾರ್ಡನ್ನರು ಅದನ್ನು ಅಂಗಳಕ್ಕೆ ಎಸೆಯುತ್ತಿದ್ದರು. ಅಂದಿನಿಂದ ಇಂದಿನವರೆಗೆ, ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಹಗ್ಗದ ಮೇಲಿನ ಬಟ್ಟೆಗೆ. ಇದು ರೋಗವೆಂದು ನನ್ನ ಹೆಂಡತಿ ಹೇಳುತ್ತಿದ್ದಳು. ಇರಬಹುದು. ಆದರೆ ಒಮ್ಮೆ ಆ ರೋಗ ಉಪಕಾರಕ್ಕೆ ಬಂತು.

ನಮ್ಮ ಮೇಲಿನವರು ಪಾಸ್ಕಲ್ ಮೇಸ್ತ್ರಿ. ಸಾಗರದ ಕಡೆಯವರು, ಜೋಗದಲ್ಲಿ ಪಳಗಿದವರು. ಗಂಟಲು ಎಷ್ಟು ದೊಡ್ಡದೆಂದರೆ ಒಂದು ಕಂಬದ ಬುಡದಲ್ಲಿ ಗುಟ್ಟು ಹೇಳಿದರೆ ಮುಂದಿನ ಕಂಬಕ್ಕೆ ಕೇಳುತ್ತಿತ್ತು. ಕಂಬ ಹತ್ತುವವನು ಚೌಡಪ್ಪ. ತೆಳ್ಳಗಿನ ಆಳು, ಹೊಸದಾಗಿ ಮದುವೆಯಾದವನು, ನಾಲಗೆ ಮಾತ್ರ ಸುಮ್ಮನಿರದು. ನಾನು ಸೇರಿದ ದಿನವೇ ಮೇಸ್ತ್ರಿ ನಮ್ಮಿಬ್ಬರನ್ನೂ ಹಿಡಿಕೆಯ ಮುಂದೆ ನಿಲ್ಲಿಸಿ ತಮ್ಮ ಕಾಯಿದೆ ಹೇಳಿದರು.

“ಕಂಬ ಹತ್ತೋನು ಮೊದ್ಲು ಇಲ್ಲಿಗೆ ಬರ್ಬೇಕು. ಹಿಡಿಕೆ ಇಳ್ಸಿ, ತನ್ನ ಮೈಮೇಲಿನ್ ಒಂದು ಬಟ್ಟೆ ಇದಕ್ಕೆ ಕಟ್ಬೇಕು. ಕೆಲ್ಸ ಮುಗ್ಸಿ ಬಂದು ಅವ್ನೇ ಬಿಚ್ಬೇಕು. ಬಟ್ಟೆ ಇದ್ರೆ ಮೇಲೆ ಜೀವ ಇದೆ ಅಂತ ಅರ್ಥ. ನಾನ್ ಹೇಳಿದ್ರೂ ಬೇರೆಯವ್ರು ಬಿಚ್ಬಾರ್ದು. ನಮ್ಮಪ್ಪ ಬಂದು ಹೇಳಿದ್ರೂ ಬಿಚ್ಬಾರ್ದು.”

“ನಿಮ್ಮಪ್ಪ ತೀರ್ಕೊಂಡಿದಾರಲ್ಲ ಮೇಸ್ತ್ರಿ?” ಎಂದ ಚೌಡಪ್ಪ.

“ಹಂಗಾರೆ ಇನ್ನೂ ಬಿಚ್ಬಾರ್ದು!”

ಚೌಡಪ್ಪನ ಬಟ್ಟೆಯೆಂದರೆ ಒಂದು ಚೌಕುಳಿ ಟವಲು. ಅದು ಅವನ ತಲೆಗೆ ಮುಂಡಾಸು, ಕಂಬದ ಮೇಲೆ ಸಿಂಬಿ, ಬುತ್ತಿಗೆ ಚೀಲ, ಊಟವಾದ ಮೇಲೆ ಹಾಸಿಗೆ. ಹಿಡಿಕೆಯಿಂದ ಬಿಚ್ಚಿದವನೇ ಮುದುಡಿ ತಲೆಗೆ ಸುತ್ತಿಕೊಳ್ಳುತ್ತಿದ್ದ. ಅದನ್ನು ಮಡಚು ಎಂದು ನಾನು ದಿನಾ ಹೇಳುತ್ತಿದ್ದೆ. “ಮಡಚಿದ್ರೆ ಕರೆಂಟು ಜಾಸ್ತಿ ಬರ್ತದಾ?” ಎಂದು ಅವನು ದಿನಾ ಕೇಳುತ್ತಿದ್ದ.

ಮಳೆ ಮುಗಿದು ಉದ್ಘಾಟನೆಯ ದಿನ ಬಂತು. ಊರಿಗೆ ಊರೇ ಎದ್ದು ಕುಣಿಯುತ್ತಿತ್ತು. ಸ್ವಾಗತ ಸಮಿತಿಯ ಮುಂದಾಳು ಆ ಊರಿನ ಭಟ್ಟರು. ಸ್ವಿಚ್ಚಿನ ಕೋಣೆಗೆ ಜಾಗ ಬಿಟ್ಟುಕೊಟ್ಟವರು ಅವರೇ; ಆದ್ದರಿಂದ ಹಿಡಿಕೆ ತಮ್ಮ ಮನೆಯ ಕೂಸು ಎಂಬ ಭಾವನೆ ಅವರಿಗೆ. ಬಲು ಸಜ್ಜನರು, ಬಲು ಅಚ್ಚುಕಟ್ಟು. ಉದ್ಘಾಟಿಸುವವರು ತಾಲ್ಲೂಕಿನ ಹಿರಿಯ ಮುಖಂಡರು. ಅವರನ್ನು ಎಲ್ಲರೂ ಅಧ್ಯಕ್ಷರು ಎಂದೇ ಕರೆಯುತ್ತಿದ್ದರು, ಯಾವುದರ ಅಧ್ಯಕ್ಷರೆಂದು ಕೇಳುವ ಅಗತ್ಯ ಬಿದ್ದಿರಲಿಲ್ಲ. ಗೇಣಿಯ ಹೊಲದಲ್ಲಿ ದುಡಿದು ಮೇಲೆ ಬಂದವರು. ನಿಧಾನದ ಮನುಷ್ಯ. ಅವರು ಎಲೆ ಅಡಿಕೆ ಹಾಕಿಕೊಳ್ಳುವುದನ್ನು ನೋಡುತ್ತಿದ್ದರೆ, ನನ್ನಂಥ ಅವಸರದವನಿಗೆ ಬಾಯಲ್ಲಿ ನೀರಲ್ಲ, ಕಣ್ಣಲ್ಲಿ ನೀರು ಬರುತ್ತಿತ್ತು.

ಸಂಜೆಯ ಹೊತ್ತಿಗೆ ಹೊಸ ತಾಪತ್ರಯ ಕಂಡಿತು. ಉತ್ಸಾಹಿಗಳು ಬಣ್ಣದ ಕಾಗದದ ಪತಾಕೆಯನ್ನು ಶಾಲೆಯ ಹತ್ತಿರದ ಕಂಬಕ್ಕೆ, ತಂತಿಗೆ ತಾಗುವಂತೆ ಕಟ್ಟಿದ್ದರು. ಚೌಡಪ್ಪ ಕೋಣೆಗೆ ಬಂದು, ಇಳಿದೇ ಇದ್ದ ಹಿಡಿಕೆಗೆ ಟವಲು ಬಿಗಿದು, ಪತಾಕೆ ಬಿಚ್ಚಲು ಹೊರಟ. ಆ ಕಂಬ ತಿರುವಿನ ಆಚೆ, ಕೋಣೆಯಿಂದ ಕಾಣುವುದಿಲ್ಲ. ಅಷ್ಟರಲ್ಲಿ ಅಧ್ಯಕ್ಷರ ಜೀಪು ಬಂತು. ಕುರ್ಚಿ ಸಾಲು ಸರಿಯಿಲ್ಲವೆಂದು ಮೇಸ್ತ್ರಿ ನನ್ನನ್ನು ಹೊರಗೆ ಓಡಿಸಿದರು. ಕುರ್ಚಿ ಸಾಲು ಮಾಡುವುದೆಂದರೆ ನನಗೂ ಹಬ್ಬ.

ನಾನು ಒಳಗೆ ಬಂದಾಗ ಕೋಣೆಯ ತುಂಬ ಜನ. ಊದುಬತ್ತಿ, ಕುಂಕುಮ, ತೆಂಗಿನಕಾಯಿ. ಹಿಡಿಕೆಗೆ ದಪ್ಪನೆಯ ಸೇವಂತಿಗೆ ಹಾರ. ಹೊರಗೆ ವಾಲಗದವರು ಉಸಿರು ಎಳೆದುಕೊಂಡು ಕಾಯುತ್ತಿದ್ದರು. ಮೇಸ್ತ್ರಿ ಹಿಡಿಕೆಯತ್ತ ನೋಡಿದರು. ಟವಲು ಇಲ್ಲ. ಅಂದರೆ ಚೌಡಪ್ಪ ಬಂದು ಬಿಚ್ಚಿಕೊಂಡು ಹೋಗಿದ್ದಾನೆ. ಅವರ ಕಾಯಿದೆಯ ಪ್ರಕಾರ ಎಲ್ಲ ಸರಿ.

“ಹಿಂಗೆ ಹಿಡೀರಿ ಸಾರ್, ಒಂದೇ ಸಲಕ್ಕೆ ಮೇಲೆ ಎತ್ತಿ” ಎಂದರು.

ಅಧ್ಯಕ್ಷರ ಕೈ ಹಿಡಿಕೆಯ ಮೇಲೆ ಬಂತು. ನಾನು ಕಿಟಕಿಯ ಕಡೆ ಸರಿದು ನಿಂತೆ. ಕಿಟಕಿಯ ಕಟ್ಟೆಯ ಮೇಲೆ ಒಂದು ಚೌಕುಳಿ ಬಟ್ಟೆ ಇತ್ತು. ನಾಲ್ಕು ಮಡಿಕೆ, ಮೂಲೆಗೆ ಮೂಲೆ ಕೂಡಿದೆ, ಅಂಚು ಒಳಗೆ. ಹಾಸ್ಟೆಲಿನ ವಾರ್ಡನ್ನರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಎಷ್ಟು ಚಂದ ಮಡಚಿದ್ದಾರೆ ಎಂದು ಮೆಚ್ಚಿದೆ. ಮರುಕ್ಷಣ ಅದು ಯಾರ ಟವಲೆಂದು ಹೊಳೆಯಿತು.

“ತಡೀರಿ!”

ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಅಧ್ಯಕ್ಷರ ಕೈ ನಿಂತಿತು.

“ಎಂಥದಾ?” ಎಂದು ಗುಡುಗಿದರು ಮೇಸ್ತ್ರಿ.

“ಚೌಡಪ್ಪ ಟವಲು ಮಡಚೋದಿಲ್ಲ” ಎಂದೆ.

ಯಾರೋ ಕಿಸಕ್ಕನೆ ನಕ್ಕರು. ಮೇಸ್ತ್ರಿ ನಗಲಿಲ್ಲ. ಕಿಟಕಿಯನ್ನು ನೋಡಿದರು, ಹಾರವನ್ನು ನೋಡಿದರು. “ನಮ್ ಲೈನಿನವ ಇನ್ನೂ ಕಂಬದ್ ಮೇಲಿರ್ಬೋದು ಸಾರ್” ಎನ್ನುವಾಗ ಆ ದೊಡ್ಡ ಮನುಷ್ಯನ ಮುಖ ಸುಣ್ಣವಾಗಿತ್ತು. “ಯಾವನ್ ತೆಗ್ದಿದ್ದು?” ಎಂದು ಅವರು ಗದರುವುದರೊಳಗೆ ಅಧ್ಯಕ್ಷರು ಅವರ ತೋಳು ಹಿಡಿದರು. ತಾವು ಹಿಡಿಕೆಯಿಂದ ಎರಡು ಹೆಜ್ಜೆ ಹಿಂದೆ ಬಂದು, ಅಲ್ಲಿದ್ದ ಕುರ್ಚಿಯಲ್ಲಿ ಆರಾಮಾಗಿ ಕೂತರು.

“ಇಷ್ಟು ಜೋಪಾನವಾಗಿ ಮಡಚಿಟ್ಟ ಪುಣ್ಯಾತ್ಮರು ಯಾರಪ್ಪ? ಬನ್ನಿ, ಇಲ್ಲಿ ಕೂತ್ಕಳಿ. ಒಂದ್ ಮಾತು ಕೇಳ್ಬೇಕು” ಎಂದರು, ಮದುವೆ ಮನೆಯಲ್ಲಿ ನೆಂಟರನ್ನು ಕರೆಯುವ ದನಿಯಲ್ಲಿ.

ಜನದ ನಡುವಿನಿಂದ ಭಟ್ಟರು ಬಂದರು. ನಮ್ಮೆದುರು ಯಾವಾಗಲೂ ಪುಸ್ತಕದಂತೆ ಮಾತಾಡುವ ಅವರ ಬಾಯಿಂದ ಮನೆಯ ಮಾತು ಹೊರಟಿತು. “ಆನೇ ತೆಗೆದಿಟ್ಟಿ. ಪೂಜೆ ಮಾಡೋ ಜಾಗ, ಕೊಳೆ ವಸ್ತ್ರ ಎಂತಕ್ಕೆ ಹೇಳಿ... ಎಂತ ಆತು?”

“ಏನೂ ಆಗಿಲ್ಲ. ಕೂತ್ಕಳಿ. ನೀವು ತೆಗೀವಾಗ ಆ ಲೈನಿನವ ಇಲ್ಲಿದ್ನಾ?”

“ಯಾರೂ ಇದ್ದಿದ್ವಿಲ್ಲೆ.”

ಅಷ್ಟೇ ಸಾಕಿತ್ತು. ಮೇಸ್ತ್ರಿ ನನ್ನನ್ನು ಹಿಡಿಕೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಯಾರದೋ ಸೈಕಲ್ಲು ಕಿತ್ತುಕೊಂಡು ತಿರುವಿನ ಕಡೆ ಹೊರಟರು. ಅವರು ಕಣ್ಮರೆಯಾದ ಮೇಲೂ “ಚೌಡಪ್ಪಾ, ತಂತಿ ಮುಟ್ಬೇಡ!” ಎಂಬ ಕೂಗು ಕೇಳುತ್ತಲೇ ಇತ್ತು.

ಕಾಯುವುದು ಎಷ್ಟು ಕಷ್ಟದ ಕೆಲಸವೆಂದು ಆಗ ತಿಳಿಯಿತು. ಹೊರಗೆ ಜನ ಗುಜುಗುಜು. ಕರೆಂಟೇ ಬಂದಿಲ್ಲವಂತೆ, ಎಲ್ಲ ಸುಳ್ಳಂತೆ ಎಂದು ಒಬ್ಬ. ಮುಹೂರ್ತ ಮೀರುತ್ತದೆ, ಇನ್ನೇನು ರಾಹುಕಾಲ ಎಂದು ಅಧ್ಯಕ್ಷರ ಜೊತೆ ಬಂದಿದ್ದ ಒಬ್ಬರು ಗಡಿಯಾರ ತೋರಿಸಿದರು. “ಆ ಲೈನಿನವ ಇಷ್ಟೊತ್ತಿಗೆ ಇಳಿದಿರ್ತಾನೆ ಸಾರ್, ಎತ್ತಿಬಿಡಿ.”

“ಇಳಿದಿರ್ತಾನೆ ಅಂತ ನೀವು ಹೇಳ್ತೀರಿ. ಇಳ್ದೆ ಅಂತ ಅವ್ನು ಬಂದು ಹೇಳ್ಲಿ” ಎಂದರು ಅಧ್ಯಕ್ಷರು. ಬಾಗಿಲಿಗೆ ಹೋಗಿ ಜನಕ್ಕೂ ಕೂಗಿ ಹೇಳಿದರು: “ನಮ್ಮವ ಒಬ್ಬ ಕಂಬದ ಮೇಲಿದಾನೆ ಕಣ್ರೋ. ಅವ್ನು ಬಂದ್ ಮೇಲೆ ದೀಪ. ಇಷ್ಟ್ ವರ್ಷ ಚಿಮಣಿ ಬುಡ್ಡೀಲಿ ಕಳ್ದಿದೀವಿ, ಇನ್ನೊಂದು ಎಲೆ ಅಡಿಕೆ ಹಾಕೋವಷ್ಟು ಹೊತ್ತು ಕಳ್ಯಕಾಗಲ್ವಾ?” ಹೇಳಿ ಬಂದು ಭಟ್ಟರ ಪಕ್ಕ ಕೂತು ಸಂಚಿ ಬಿಚ್ಚಿದರು. ತಾವೇ ಎಲೆಗೆ ಸುಣ್ಣ ಹಚ್ಚಿ ಭಟ್ಟರಿಗೆ ಕೊಟ್ಟರು. ಆ ಹೊತ್ತು ಅವರ ನಿಧಾನ ನನಗೆ ದೇವರಂತೆ ಕಂಡಿತು.

ಆಮೇಲೆ ಸೈಕಲ್ ಗಂಟೆ ಕೇಳಿತು. ಮೇಸ್ತ್ರಿ ತುಳಿಯುತ್ತಿದ್ದಾರೆ, ಹಿಂದಿನ ಕ್ಯಾರಿಯರಿನ ಮೇಲೆ ಚೌಡಪ್ಪ, ಕೊರಳಿಗೆ ಕಾಗದದ ಪತಾಕೆ ಸುತ್ತಿಕೊಂಡು. ಮೇಸ್ತ್ರಿ ಹೋದಾಗ ಅವನು ಕಂಬದ ತುದಿಯಲ್ಲಿ, ಒಂದು ಕೈಯಲ್ಲಿ ತಂತಿ ಹಿಡಿದುಕೊಂಡು, ಹಲ್ಲಿನಲ್ಲಿ ಪತಾಕೆಯ ದಾರ ಕಚ್ಚಿ ಎಳೆಯುತ್ತಿದ್ದನಂತೆ. ನಾನು ಹಿಡಿಕೆಗೆ ಬೆನ್ನು ಕೊಟ್ಟಲ್ಲೇ ನೆಲಕ್ಕೆ ಕೂತೆ. ಅಂದಿನಷ್ಟು ಸುಖವಾಗಿ ನಾನು ಮತ್ತೆಂದೂ ನೆಲದ ಮೇಲೆ ಕೂತಿಲ್ಲ.

ಚೌಡಪ್ಪನಿಗೆ ಇದರ ಯಾವುದೂ ತಲೆಗೆ ಹೋಗಿರಲಿಲ್ಲ. “ನನ್ ಟವಲು ಎಲ್ಲಿ?” ಎಂದ. ಕೊಟ್ಟರೆ ತಿರುಗಿಸಿ ತಿರುಗಿಸಿ ನೋಡಿದ. “ಇದು ನಂದಲ್ಲ ಮಾರಾಯ. ನಂದು ಹಿಂಗಿರಲ್ಲ.”

“ನಿಂದೇ ಕಣಾ. ಭಟ್ರು ಮಡಚಿದಾರೆ” ಎಂದೆ.

“ಅಯ್ಯೋ, ಕೆಟ್ಟೋಯ್ತಲ್ಲ!”

ಹಾಗೆಂದರೂ ಮೇಸ್ತ್ರಿ ಬಿಡಲಿಲ್ಲ. ಹಾರ ತೆಗೆಸಿದರು. ಎಲ್ಲರೆದುರು ಚೌಡಪ್ಪ ಟವಲನ್ನು ಮತ್ತೆ ಹಿಡಿಕೆಗೆ ಕಟ್ಟಬೇಕು, ಮತ್ತೆ ಬಿಚ್ಚಬೇಕು. ಕಟ್ಟಿದ, ಬಿಚ್ಚಿದ, ಮುದುಡಿ ತಲೆಗೆ ಸುತ್ತಿದ. ಜನ ಇದೂ ಪೂಜೆಯ ಭಾಗವೆಂದು ತಿಳಿದು ಕೈಮುಗಿದರು. ಅಧ್ಯಕ್ಷರು ಅವನ ಮುಖ ನೋಡಿ, “ಎತ್ಲೇನಾ?” ಎಂದು ಕೇಳಿದರು. “ಎತ್ತಿ ಒಡೆಯಾ” ಎಂದ. ಎತ್ತಿದರು. ಬೀದಿಯುದ್ದಕ್ಕೂ ಹಳದಿ ಬೆಳಕು ಓಡಿತು, ಜನ ಹೋ ಎಂದರು, ವಾಲಗ ಒಂದೇ ಉಸಿರಿಗೆ ಮೊಳಗಿತು. ಭಟ್ಟರ ಜಗಲಿಯ ದೀಪ ಮಾತ್ರ ಹತ್ತಲಿಲ್ಲ. ಅದು ಬಲ್ಬಿನ ದೋಷ.

ಜೀಪು ಹತ್ತುವ ಮುಂಚೆ ಅಧ್ಯಕ್ಷರು ನನ್ನನ್ನು ಕರೆದರು. ಹೊಗಳುತ್ತಾರೆಂದು ಅಂಗಿ ಸರಿಮಾಡಿಕೊಂಡು ಹೋದೆ.

“ಕಣ್ಣು ಚುರುಕಿದೆ ತಮ್ಮಾ. ಒಳ್ಳೇದು. ಆದ್ರೆ ಒಂದ್ ಕೇಳ್ತೀನಿ. ಯಾರು ತೆಗ್ದಿದ್ದು ಅಂತ ನಾನು ಅಷ್ಟು ಜನದ ಮುಂದೆ ಗದರಿದ್ರೆ ಭಟ್ರು ಬಾಯಿ ಬಿಡ್ತಿದ್ರಾ?”

ಕೇಳಿ, ಉತ್ತರವನ್ನೂ ತಾವೇ ಕೊಟ್ಟರು.

“ಬಿಡ್ತಿರ್ಲಿಲ್ಲ. ಯಾರೂ ಬಿಡಲ್ಲ. ಆಮೇಲೆ ಲೈನಿನವನೇ ಬಿಚ್ಚಿಟ್ಟು ಹೋಗಿರ್ಬೇಕು ಅಂತ ಯಾರಾದ್ರೂ ಒಬ್ರು ಹೇಳೋರು. ನಾವೆಲ್ಲ ನಂಬೋರು. ಹೆದರಿದೋರ ಹತ್ರ ನಿಜ ಸಿಗಲ್ಲ.”

ಮೇಸ್ತ್ರಿಯೂ ಮರುದಿನ ತಮ್ಮ ಕಾಯಿದೆ ತಿದ್ದಿದರು. “ನನ್ ಲೆಕ್ಕ ತಪ್ಪು ಕಣ್ರೋ. ಬಟ್ಟೆ ಇಲ್ಲ ಅಂದ್ರೆ ಆಳು ಬಂದ ಅಂತ ಅಲ್ಲ. ಆಳು ಬಂದ್ರೇ ಬಂದ. ಇನ್ಮೇಲೆ ಬಟ್ಟೇನೂ ಬೇಕು, ಮುಖಾನೂ ಬೇಕು.” ಅಷ್ಟು ದೊಡ್ಡ ಗಂಟಲಿನ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮೇಸ್ತ್ರಿಯ ಮಾತನ್ನು ನಾನು ನೌಕರಿಯುದ್ದಕ್ಕೂ ಪಾಲಿಸಿದೆ. ಹೊಸಬರಿಗೆ ಹೇಳಿಕೊಟ್ಟೆ, ಮನೆಯ ಸ್ವಿಚ್ಚಿಗೂ ತಂದೆ. ಹೊಸನಗರ, ಸಾಗರ, ತೀರ್ಥಹಳ್ಳಿ ಎಂದು ವರ್ಗವಾದಲ್ಲೆಲ್ಲ ನನ್ನ ಕೈಕೆಳಗಿನ ಹಿಡಿಕೆಗಳು, ಕಂಬ ಹತ್ತಿದವನ ಬಟ್ಟೆಯೊಂದನ್ನು ಬಿಟ್ಟರೆ, ಬರಿದಾಗಿ, ಶುಚಿಯಾಗಿದ್ದವು. ಅಧ್ಯಕ್ಷರ ಮಾತು ಮಾತ್ರ ಎಲ್ಲೋ ಹಿಂದೆ ಉಳಿಯಿತು. ಅದು ಮುಖಂಡರಿಗೆ ಬೇಕಾದ ಬುದ್ಧಿ, ನನಗೇಕೆ ಎಂದುಕೊಂಡಿದ್ದೆನೇನೋ.

ಇಷ್ಟು ಹೇಳಿ ಮುಗಿಸಿದಾಗ ಸೊಸೆ ಲೋಟ ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು.

“ಮಾವ, ನಮ್ಮ ಇನ್ವರ್ಟರ್ ಬ್ಯಾಟರಿ ಹಾಳಾಯ್ತಲ್ಲ... ಅದಕ್ಕೆ ಬಾವಿ ನೀರು ಹಾಕಿದ್ದು ನಾನು. ಡಿಸ್ಟಿಲ್ಡ್ ವಾಟರ್ ಮುಗಿದಿತ್ತು. ನೀರು ನೀರೇ ಅಲ್ವಾ ಅಂದ್ಕೊಂಡೆ.”

ಬ್ಯಾಟರಿಗೆ ಬಾವಿ ನೀರು! ಉಪನ್ಯಾಸ ಗಂಟಲವರೆಗೆ ಬಂತು. ಆ ಬ್ಯಾಟರಿಗಾಗಿ ನಾನು ಅಂಗಡಿಯವನ ಮೇಲೆ ಕೂಗಾಡಿ ಬಂದು ತಿಂಗಳುಗಳಾಗಿವೆ. ಅಷ್ಟು ದಿನ ಈ ಹುಡುಗಿ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಾಳೆ, ನನ್ನ ಎದುರಿಗೆ, ಇದೇ ಜಗಲಿಯಲ್ಲಿ.

“ಬಾ, ಕೂತ್ಕೊ” ಎಂದೆ. “ಹೇಳಿದ್ದು ಒಳ್ಳೇದಾಯ್ತು.”

ಅವಳು ಕೂತಳು. ಅವಳ ಭುಜ ಇಳಿದದ್ದನ್ನು ನೋಡಿದೆ; ಅದರ ಜೊತೆಗೆ ನನ್ನ ಎದೆಯೂ ಹಗುರಾಯಿತು. ಬಾವಿ ನೀರಿನಲ್ಲಿ ಏನಿರುತ್ತದೆ, ಬ್ಯಾಟರಿಗೆ ಅದು ಏಕಾಗದು ಎಂದು ನಿಧಾನವಾಗಿ ಹೇಳಿದೆ. ಅವಳು ಎರಡು ಪ್ರಶ್ನೆ ಕೇಳಿದಳು, ಎರಡೂ ಒಳ್ಳೆಯ ಪ್ರಶ್ನೆ.

ಈಗ ನಾನು ಅಂಗಡಿಯವನಿಗೆ ಫೋನು ಮಾಡಿ, ತಪ್ಪು ನಮ್ಮದೇ ಎಂದು ಹೇಳಬೇಕು. ನಂಬರು ಹುಡುಕಿ ಇಟ್ಟುಕೊಂಡಿದ್ದೇನೆ. ಅವನು ಗದರುತ್ತಾನೋ, ಕೂತ್ಕೊಳ್ಳಿ ಎನ್ನುತ್ತಾನೋ, ನೋಡೋಣ.