ಚರಗದ ಕೂಗಿಗೆ ಓಗೊಟ್ಟವರು ಯಾರು?

ಆ ದಿನ ಬೆಳಿಗ್ಗೆ ನಾಲ್ಕೂವರೆಗೆ ಎದ್ದೆ. ಸಜ್ಜೆ ರೊಟ್ಟಿ ಇಪ್ಪತ್ತೆರಡು, ಜೋಳದ ಕಡುಬು ಒಂದು ಡಬ್ಬಿ, ಶೇಂಗಾ ಹೋಳಿಗೆ ಹನ್ನೆರಡು. ಅದರಲ್ಲಿ ಒಂದು ಹೋಳಿಗೆ ಹಂಚಿಗೆ ಅಂಟಿ ಹರಿದಿತ್ತು. ಇಷ್ಟೆಲ್ಲ ಎಣಿಸಿ ಹೇಳುವುದಕ್ಕೆ ಕಾರಣವಿದೆ. ಕಥೆ ಕಟ್ಟುವವರಿಗೆ ಹರಿದ ಹೋಳಿಗೆ ನೆನಪಿರುವುದಿಲ್ಲ. ನನಗೆ ಆ ದಿನದ ಒಂದೊಂದೂ ನೆನಪಿದೆ... ಮರೆಯಬೇಕೆಂದರೂ.

ಅಂದು ಎಳ್ಳ ಅಮಾವಾಸ್ಯೆ. ನಮ್ಮ ಶಹಾಪುರದ ಕಡೆ ಅಂದು ಮನೆಯಲ್ಲಿ ಉಣ್ಣುವವರಿಲ್ಲ. ಬುತ್ತಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗಿ, ಮೊದಲು ಬೆಳೆಗೆ ಉಣಿಸಿ, ಆಮೇಲೆ ತಾವು ಉಣ್ಣುತ್ತಾರೆ. ಬೆಳೆಗೆ ಉಣಿಸುವುದಕ್ಕೇ ಚರಗ ಚೆಲ್ಲುವುದು ಎನ್ನುತ್ತಾರೆ. ಒಬ್ಬರು ಅನ್ನ, ಕಾಳು-ಸೊಪ್ಪಿನ ಭಜ್ಜಿ ಪಲ್ಯ, ಕಡುಬು ಕಲಸಿದ್ದನ್ನು ಹಿಡಿಹಿಡಿಯಾಗಿ ಚೆಲ್ಲುತ್ತ ‘ಹುಲ್ಲುಲ್ಲಿಗೋ’ ಎಂದು ಕೂಗಿ ಮೇರೆಗುಂಟ ನಡೆಯಬೇಕು. ಹಿಂದಿನವರು ತಂಬಿಗೆಯ ನೀರು ಚಿಮುಕಿಸುತ್ತ ‘ಚಳ್ಳಂಬ್ರಿಗೋ’ ಎಂದು ಓಗೊಡಬೇಕು. ಕೂಗಿಗೆ ಓಗೊಡದೆ ಬಿಡಬಾರದು. ಅಷ್ಟೇ ನಿಯಮ.

ಮದುವೆಯಾಗಿ ಇಪ್ಪತ್ತೊಂದು ವರ್ಷವಾದರೂ ನಾನು ಒಮ್ಮೆಯೂ ಓಗೊಟ್ಟಿರಲಿಲ್ಲ. ಕಲಬುರಗಿಯ ಕಾನ್ವೆಂಟಿನಲ್ಲಿ ಓದಿದವಳು. ಹುಡುಗಿಯರು ದನಿ ಎತ್ತಬಾರದೆಂದು ಅಲ್ಲಿ ಸಿಸ್ಟರ್ ಕಲಿಸಿದ್ದು ಗಂಟಲಲ್ಲೇ ಕೂತುಬಿಟ್ಟಿದೆ. ಅತ್ತೆ ಇರುವವರೆಗೆ ಅವರು ಓಗೊಡುತ್ತಿದ್ದರು. ಅವರು ತೀರಿದ ಮೇಲೆ ನನ್ನ ಗಂಡ. ನನ್ನದು ಹಿಂದೆ ಹಿಂದೆ ಸೆರಗು ಹಿಡಿದು ನಡೆಯುವುದಷ್ಟೇ.

ಮಾವನವರಿಗೆ ಎಂಬತ್ತೊಂದು. ಸುರಪುರದ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದವರು. ಅಂದು ಅವರು ಚಹಾ ಕುಡಿಯಲಿಲ್ಲ. ಬಿಳಿ ಧೋತರ ಉಟ್ಟು, ಒಂದು ಹೊಸ ಅರಿವೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡರು. ಅದು ಮಣ್ಣು ಕಟ್ಟಿಕೊಳ್ಳಲು.

ಏಕೆಂದರೆ ಅದು ಹೊಲಕ್ಕೆ ನಮ್ಮ ಕೊನೆಯ ಭೇಟಿ. ಸೋಮವಾರ ಅದು ಸೋಲಾರ್‌ನವರ ಕೈಗೆ ಹೋಗುವುದಿತ್ತು. ಅಣ್ಣತಮ್ಮಂದಿರ ಪಾಲುಗಳು ಹೋದ ವರ್ಷವೇ ಬೇಲಿಯೊಳಗೆ ಸೇರಿದ್ದವು. ಸುತ್ತ ಬೇಲಿ ಬಂದಮೇಲೆ ನಮ್ಮ ತುಂಡಿಗೆ ಎತ್ತಿನ ದಾರಿ ಕೂಡ ಉಳಿಯಲಿಲ್ಲ. ಬೇಡವೆನ್ನಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಕಾರಿನಲ್ಲಿ ವನದುರ್ಗದ ದಾರಿ ಹಿಡಿದಾಗ ಮಾವನವರು ತಮ್ಮ ಮುತ್ಯಾನ, ಅಂದರೆ ಅಜ್ಜನ, ಕಥೆ ತೆಗೆದರು. ಎಷ್ಟೋ ಸಲ ಕೇಳಿದ್ದೆ. ಅಂದು ಅವರು ಹೇಳಿದ್ದು ನಮಗಲ್ಲ, ತಮಗೇ ಎಂಬಂತಿತ್ತು.

ಮುತ್ಯಾನ ಹೆಸರು ನಿಂಗಪ್ಪ. ನಿಜಾಮನ ಕಾಲದಲ್ಲಿ ಕೃಷ್ಣೆಯ ಆಚೆಯಿಂದ, ಹೆಗಲ ಮೇಲೊಂದು ನೇಗಿಲು, ಹಿಂದೆ ಹೆಂಡತಿ, ಅವಳ ಉಡಿಯಲ್ಲಿ ಬಿತ್ತುವ ಜೋಳ... ಇಷ್ಟರೊಂದಿಗೆ ಒಂದು ಜೋಡಿ ಎತ್ತು ಹೊಡೆದುಕೊಂಡು ಬಂದವನು. ಆ ನೆಲ ಆಗ ಬರೀ ಜಾಲಿ ಮುಳ್ಳು, ಕಲ್ಲು. ಊರವರು ದನ ಕೂಡ ಬಿಡುತ್ತಿರಲಿಲ್ಲವಂತೆ. ಏಳು ಬೇಸಿಗೆ ಮುಳ್ಳು ಕಡಿದ. ಕಿತ್ತ ಕಲ್ಲನ್ನೆಲ್ಲ ಹೊತ್ತು ಸುತ್ತಲೂ ಸಾಲಾಗಿ ಪೇರಿಸಿದ. ಅದೇ ಅವನ ಬಾಂದು, ಅವನ ಹೊಲದ ಮೇರೆ. ಎರಡನೆಯ ವರ್ಷ ಒಂದು ಎತ್ತು ಹಾವು ಕಚ್ಚಿ ಸತ್ತಾಗ, ಆ ಎತ್ತಿನ ಜಾಗದಲ್ಲಿ ತಾನೇ ನೊಗಕ್ಕೆ ಕೊರಳು ಕೊಟ್ಟ. ಹೆಂಡತಿ ನೇಗಿಲು ಹಿಡಿದಳು.

“ಕೊರಳ ಹಿಂದ ಗಂಟಿತ್ತವ್ವಾ, ಎತ್ತಿಗಿ ಇರ್ತದಲ್ಲ, ಹಂಗ,” ಎಂದರು ಮಾವನವರು. “ಸಣ್ಣಂವ ಇದ್ದಾಗ ನಾ ಅದರ ಮ್ಯಾಲೆ ಕೈ ಇಟ್ಟು ಮಲಗತಿದ್ನಿ.”

ಹುಟ್ಟಿದ ಏಳು ಮಕ್ಕಳಲ್ಲಿ ಉಳಿದವರು ಮೂವರು. ಮುತ್ಯಾ ತೀರಿದಾಗ ಅವನನ್ನು ಹೊಲದಲ್ಲೇ, ಒಂದು ಬನ್ನಿಗಿಡದ ಬುಡದಲ್ಲಿ ಮಣ್ಣು ಮಾಡಿ, ಮೇಲೊಂದು ಸಣ್ಣ ಗದ್ದುಗೆ ಕಟ್ಟಿದರು. ಅದೇ ವರ್ಷ ಆ ಮೂವರು ಹೊಲವನ್ನು ಮೂರು ಪಾಲು ಮಾಡಿಕೊಂಡರು. ಆಮೇಲೆ ಕಾಲುವೆ ಬಂತು. ಭತ್ತಕ್ಕೆಂದು ನೆಲ ಸಮ ಮಾಡುವಾಗ ಕಲ್ಲಿನ ಬಾಂದು ಹೋಯಿತು, ಬನ್ನಿಗಿಡ ಹೋಯಿತು, ಗದ್ದುಗೆ ಮಣ್ಣಿನಡಿ ಮುಚ್ಚಿಹೋಯಿತು. ಮಾವನವರು ಆಗ ಸುರಪುರದಲ್ಲಿ ಪಾಠ ಹೇಳುತ್ತಿದ್ದರು. ಹೊಲವನ್ನು ಉಳುವವರಿಗೆ ಪಾಲಿಗೆ ಕೊಟ್ಟಿದ್ದರು. ಅವರಪ್ಪ ಸಾಯುವಾಗ ಕೇಳಿಕೊಂಡಿದ್ದು ಒಂದೇ, ಮುತ್ಯಾನ ಮೇಲೆ ನೇಗಿಲು ಹಾಯಿಸಬೇಡ ಎಂದು. ಎಷ್ಟು ಸಲ ಹಾಯ್ದಿತೋ, ಇವರಿಗೇ ಗೊತ್ತಿಲ್ಲ.

“ಆ ಗದ್ದುಗಿ ಮಣ್ಣು ಒಂದು ಹಿಡಿ ಸಿಕ್ರ ಸಾಕು,” ಎಂದರು. “ನನ್ನ ಮಣ್ಣು ಮಾಡೂ ದಿನ ನನ್ನ ಎದಿ ಮ್ಯಾಲೆ ಹಾಕ್ರಿ. ಮತ್ತೇನೂ ಬ್ಯಾಡ.”

ಹೊಲ ಮುಟ್ಟಿದಾಗ ಹನ್ನೊಂದು ಗಂಟೆ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಕೂರಿಸಿದೆವು. ಪೂಜೆಯಾಯಿತು. ಆದರೆ ಊಟಕ್ಕೆ ಕೂರುವಂತಿಲ್ಲ. ಚರಗದ ಮೊದಲ ಹಿಡಿ ಮುತ್ಯಾನ ಗದ್ದುಗೆಗೆ ಎನ್ನುವುದು ಈ ಮನೆಯ ಪದ್ಧತಿ. ಪ್ರತಿ ವರ್ಷ ಅಂದಾಜಿನ ಮೇಲೆ ಎಲ್ಲೋ ಒಂದು ಕಡೆ ಇಟ್ಟು ಮುಗಿಸುತ್ತಿದ್ದರು. ಈ ಸಲ ಅಂದಾಜು ಬೇಡವೆಂದರು ಮಾವನವರು.

ಹಾರೆ ಹಿಡಿದು ಅಪ್ಪ, ಮಗ ಹುಡುಕಿದರು. ಇಲ್ಲಿ ಮೂವತ್ತು ಹೆಜ್ಜೆ, ಅಲ್ಲಿ ನಲವತ್ತು. ಅಗೆದಲ್ಲೆಲ್ಲ ಕರಿಮಣ್ಣು, ಬರೀ ಕರಿಮಣ್ಣು. ನಾನು ಬುತ್ತಿಯ ಮೇಲೆ ನೊಣ ಕೂರದಂತೆ ಸೆರಗು ಬೀಸುತ್ತ ಕೂತಿದ್ದೆ. ಅಕ್ಕಪಕ್ಕದಲ್ಲಿ ಯಾರೂ ಇರಲಿಲ್ಲ. ಹಿಂದೆಲ್ಲ ಈ ಹೊತ್ತಿಗೆ ಹೊಲಹೊಲದಿಂದ ಕೂಗು ಕೇಳುತ್ತಿತ್ತು. ಈಗ ಬೇಲಿಯಾಚೆ ಗಾಜಿನ ಹಲಗೆಗಳು, ಸಾಲು ಸಾಲು, ಸುಮ್ಮನೆ.

ಎರಡಾಯಿತು. ನಾಲ್ಕಾಯಿತು. ಮಾವನವರ ಅಂಗೈ ಸುಲಿದಿತ್ತು. ನನ್ನ ಗಂಡ ಮೆಲ್ಲಗೆ, ಅಪ್ಪಾ ಸಾಕು ಎಂದರು. ಅವರು ಕೇಳಿಸಿಕೊಳ್ಳಲಿಲ್ಲ. ಅವರ ಕಿವಿಯೂ ಈಚೆಗೆ ಸ್ವಲ್ಪ ಮಂದ.

ಹೊತ್ತು ಮುಳುಗಿಯೇಬಿಟ್ಟಿತು. ಚರಗ ಚೆಲ್ಲುವುದು ಬಿಸಿಲಲ್ಲಿ. ಕತ್ತಲಾದ ಮೇಲೆ ಯಾರೂ ಚೆಲ್ಲುವುದಿಲ್ಲ. ಹಾಗೆಂದು ಬೆಳೆಗೆ ಉಣಿಸದೆ ಹಿಂದಿರುಗುವುದೂ ಇಲ್ಲ... ಕಡೆಯ ವರ್ಷ ಬೇರೆ. ಮಾವನವರು ಬುಟ್ಟಿ ಎತ್ತಿಕೊಂಡರು. ನನ್ನ ಗಂಡ ಟಾರ್ಚ್ ತರಲು ದೂರದಲ್ಲಿ ನಿಲ್ಲಿಸಿದ್ದ ಕಾರಿನ ಕಡೆ ಹೋದರು.

“ಅಂವ ಬರೂತನ ನೀ ಬಾರವ್ವಾ,” ಎಂದರು ಮಾವನವರು.

ನಾನು ತಂಬಿಗೆ ಹಿಡಿದು ಹಿಂದೆ ನಿಂತೆ. ಅಮಾವಾಸ್ಯೆಯ ಕತ್ತಲು. ಅವರ ಬಿಳಿ ಧೋತರ ಮಾತ್ರ ಕಾಣುತ್ತಿತ್ತು.

“ಹುಲ್ಲುಲ್ಲಿಗೋ...”

ಬಾಯಿ ತೆರೆದೆ. ದನಿ ಬರಲಿಲ್ಲ. ನಾಚಿಕೆ... ಆ ಬಯಲಿನಲ್ಲಿ, ಯಾರೂ ಇಲ್ಲದ ಕತ್ತಲಲ್ಲೂ ನಾಚಿಕೆ! ನೀರನ್ನಷ್ಟೇ ಚಿಮುಕಿಸಿದೆ.

ಎರಡು ಹೆಜ್ಜೆ ನಡೆದೆವು.

ಆಮೇಲೆ ಎಲ್ಲಿಂದಲೋ... “ಚಳ್ಳಂಬ್ರಿಗೋ...”

ಗಂಡಸೋ ಹೆಂಗಸೋ ತಿಳಿಯದ ದನಿ. ಬಹಳ ದಿನ ನೀರು ಕಾಣದ ಗಂಟಲಿನದು. ಬೇಲಿಯ ಆಚೆಗಿತ್ತು.

ಮಾವನವರು ಹಿಂದಿರುಗಿ ನೋಡಲಿಲ್ಲ. “ಹಾಂ, ಹಂಗ ಓಗೊಡವ್ವಾ,” ಎಂದರು, ಖುಷಿಯಿಂದ. “ನಿಮ್ಮತ್ತಿ ಕೂಗಿದಂಗಾತು.”

ನಾನಲ್ಲ ಎಂದು ಹೇಳಬೇಕಿತ್ತು. ತಂಬಿಗೆಯ ನೀರು ನನ್ನ ಪಾದದ ಮೇಲೇ ಬೀಳುತ್ತಿತ್ತು, ತಣ್ಣಗೆ. ಸೋಲಾರ್‌ನವರ ಕಾವಲುಗಾರ ತಮಾಷೆ ಮಾಡುತ್ತಿರಬೇಕು ಎಂದುಕೊಂಡೆ. ಅವನ ಗುಡಿಸಲು ಇದ್ದದ್ದು ಇನ್ನೊಂದು ದಿಕ್ಕಿಗೆ.

“ಹುಲ್ಲುಲ್ಲಿಗೋ...”

“ಚಳ್ಳಂಬ್ರಿಗೋ...” ಈಗ ಇನ್ನಷ್ಟು ಮುಂದೆ. ನಾವು ನಡೆದಷ್ಟೇ ಅದೂ ನಡೆದಿತ್ತು. ನಾವು ಮೂಲೆಗೆ ತಿರುಗಿದೆವು. ಅದು ತಿರುಗಲಿಲ್ಲ... ನೆಟ್ಟಗೆ ಹೊರಟೇಹೋಯಿತು, ಕಾಲುವೆಯ ಕಡೆ.

ಆಗ ವಾಸನೆ ಬಂತು. ಹಸಿ ಜಾಲಿ ಕಡಿದಾಗ ಬರುವ ಒಗರು ವಾಸನೆ. ಸುತ್ತ ಎಲ್ಲೂ ಒಂದು ಗಿಡವಿಲ್ಲ. ಜೊತೆಗೆ ಸದ್ದು... ಮುಳ್ಳಿನ ಕೊಂಬೆಯನ್ನು ನೆಲದ ಮೇಲೆ ಯಾರೋ ಎಳೆದುಕೊಂಡು ಹೋಗುವಂಥ, ಎಳೆದು, ನಿಂತು, ಮತ್ತೆ ಎಳೆದು ಹೋಗುವಂಥ ಸದ್ದು.

ಮಾವನವರು ಗಕ್ಕನೆ ನಿಂತರು. ನನ್ನ ಕಡೆ ತಿರುಗಿದರು. ನನ್ನ ಮುಚ್ಚಿದ ಬಾಯನ್ನು ಅಷ್ಟು ಹತ್ತಿರದಿಂದ ನೋಡುತ್ತಿರುವಾಗಲೇ, ಅವರು ಕೂಗದೆಯೇ, ಮತ್ತೆ ಅದೇ ಓಗೊಡುವಿಕೆ ಕೇಳಿಸಿತು. ಬಹಳ ದೂರದಿಂದ.

ಅವರ ಕೈಯಿಂದ ಬುಟ್ಟಿ ಜಾರಿತು.

“ನೀ ಅಲ್ಲಾ?”

ಅಲ್ಲವೆಂದು ತಲೆಯಾಡಿಸಿದೆ.

ಅವರು ಬೇಲಿಯ ಕಡೆ ನಡೆದರು. ನಡೆದರು ಎನ್ನುವುದಕ್ಕಿಂತ ಓಡಿದರು. ಎಂಬತ್ತೊಂದರ ಮುದುಕರು, ಬೆಳೆ ತುಳಿದುಕೊಂಡು... ನಾನು ಅವರ ಧೋತರದ ಚುಂಗು ಹಿಡಿದು ಹಿಂದೆ ಹಿಂದೆ. ಬೇಲಿಯ ತಂತಿಗೆ ಎರಡೂ ಕೈ ಕೊಟ್ಟು ನಿಂತರು. ಹಲಗೆಗಳು ಕತ್ತಲಲ್ಲಿ ನಿಂತ ನೀರಿನಂತೆ ಕಾಣುತ್ತಿದ್ದವು.

“ಮುತ್ಯಾ,” ಎಂದು ಕರೆದರು. ಮಾಸ್ತರರ ದನಿಯಲ್ಲ. ನಿದ್ದೆಯಲ್ಲಿ ಎದ್ದ ಕೂಸಿನ ದನಿ. “ಮುತ್ಯಾ, ಎಲ್ಲಿ ಕುಂತಿದ್ದೆಪ್ಪಾ? ಒಂದ ಸಲ ಹೇಳು. ಒಂದು ಹಿಡಿ ಮಣ್ಣು ತಗೊಂಡು ಹೋಗ್ತೀನಿ.”

ಎಳೆಯುವ ಸದ್ದು ಮಾತ್ರ. ಅದು ಕಾಲುವೆಯವರೆಗೆ ಹೋಗಿ, ಅಲ್ಲಿ ತಿರುಗಿ, ಗುಡ್ಡದ ಕಡೆ ಹೊರಟಿತು. ಒಂದು ದೊಡ್ಡ, ಬಹಳ ದೊಡ್ಡ ಸುತ್ತು.

“ತನ್ನ ಬಾಂದಿನ ಮ್ಯಾಲೆ ಹೊಂಟಾನ,” ಎಂದರು ಮಾವನವರು ಪಿಸುದನಿಯಲ್ಲಿ. “ನಮ್ಮ ಬಾಂದು ಅವಗ ಗೊತ್ತಿಲ್ಲವ್ವಾ. ನಾವು ಮುರದದ್ದು ಅವಗ ಗೊತ್ತಿಲ್ಲ.”

ಕಾಲುವೆ, ಬೇಲಿ, ಹಲಗೆ... ಯಾವುದೂ ಅದನ್ನು ತಡೆಯಲಿಲ್ಲ. ಯಾವುದೂ ತಡೆಯಲಾಗದ್ದು ನಮಗೂ ಸಿಗಲಾರದು ಎಂದು ಆಗಲೇ ನನಗೆ ಅನ್ನಿಸಿತು.

ನನ್ನ ಗಂಡ ಟಾರ್ಚ್ ಹಿಡಿದು ಓಡಿ ಬಂದರು. ಬೆಳಕು ಬೇಲಿಯಾಚೆ ಹರಿದಾಡಿತು. ಗಾಜು, ಕಂಬ, ಒಣ ಹುಲ್ಲು. ಸದ್ದು ನಿಂತಿತ್ತು. ವಾಸನೆ ಮಾತ್ರ ನನ್ನ ಸೆರಗಿನಲ್ಲಿ ಉಳಿದಿತ್ತು.

“ಮತ್ಯಾರು ಬಂದಿದ್ರು?” ಎಂದು ಕೇಳಿದರು ಅವರು. “ಅಪ್ಪನ ಕೂಗಿಗೆ ಓಗೊಡಾಕತ್ತಿದ್ರಲ್ಲ, ಯಾರವರು?”

ಮಾವನವರು ತಂತಿಯಿಂದ ಕೈ ತೆಗೆದು ಕಾರಿನ ಕಡೆ ನಡೆದರು.

ಬುತ್ತಿಯನ್ನು ಯಾರೂ ಬಿಚ್ಚಲಿಲ್ಲ. ಹಿಂದಿರುಗುವಾಗ ಮಾವನವರು ಜೇಬಿನ ಅರಿವೆಯ ತುಂಡು ತೆಗೆದು, ಮಡಿಕೆ ಬಿಚ್ಚಿ, ಖಾಲಿ ಅರಿವೆಯಿಂದ ಕನ್ನಡಕ ಒರೆಸಿಕೊಂಡರು. ದಾರಿಯುದ್ದಕ್ಕೂ ಒರೆಸುತ್ತಲೇ ಇದ್ದರು. ಮನೆಗೆ ಬಂದವರೇ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಆಮೇಲೆ ಅವರು ಮುತ್ಯಾನ ಹೆಸರು ಎತ್ತಿಲ್ಲ. ಊಟ ಕಡಿಮೆಯಾಗಿದೆ. ಕೆಲವು ಸಂಜೆ ಹಿತ್ತಲ ಬಾಗಿಲಲ್ಲಿ ಕಿವಿಗೊಟ್ಟು ನಿಂತಿರುತ್ತಾರೆ. ನಾನು ಅಂದಿನ ಸೀರೆಯನ್ನು ಒಗೆದರೂ ಮತ್ತೆ ಉಟ್ಟಿಲ್ಲ. ಅಂದು ನಾನು ಬಾಯಿ ಬಿಟ್ಟು ಓಗೊಟ್ಟಿದ್ದರೆ ಅದು ಸುಮ್ಮನಿರುತ್ತಿತ್ತೇ... ಗೊತ್ತಿಲ್ಲ. ಇನ್ನು ಮುಂದೆ ಓಗೊಡಲು ಹೊಲವೂ ಇಲ್ಲ.

ಅದೇ ರಾತ್ರಿ ಎಂಟರ ಸುಮಾರಿಗೆ ನಡೆದ ಇನ್ನೊಂದು ಸಣ್ಣ ಸಂಗತಿಯನ್ನು ಮಾವನವರಿಗೆ ನಾನು ಇಂದಿಗೂ ಹೇಳಿಲ್ಲ.

ಉಳಿದ ಬುತ್ತಿಯನ್ನು ಹಾಳು ಮಾಡಬಾರದೆಂದು ಪಕ್ಕದ ಮನೆಗೆ ಕೊಡಲು ಹೋದೆ. ಆ ಮನೆಗೆ ಮೌಲಾಲಿ ಎಂಬವರು ಹೊಸದಾಗಿ ಬಾಡಿಗೆಗೆ ಬಂದಿದ್ದರು. ಜೆಸಿಬಿ ಓಡಿಸುವವರು. ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದರು. ಕಟ್ಟೆಯ ಮೇಲೆ ಕೂತು ಅಲ್ಲೇ ರೊಟ್ಟಿ ಮುರಿದು ಭಜ್ಜಿಯಲ್ಲಿ ಅದ್ದಿಕೊಂಡರು. ಹೊಲ ಯಾವ ಕಡೆ ಎಂದು ಕೇಳಿದರು. ಹೇಳಿದೆ.

“ಅರೆ, ನಮ್ಮ ಗಾಡಿ ಹದಿನೈದು ದಿನದಿಂದ ಅಲ್ಲೇ ಐತ್ರಿ,” ಎಂದರು ತುತ್ತು ನುಂಗುತ್ತ. “ಕಾಲುವಿ ಮೂಲ್ಯಾಗ ಮಣ್ಣಾಗ ಮುಚ್ಚಿದ್ದ ಒಂದು ಹಳೇ ಗದ್ದುಗಿ ಸಿಕ್ಕಿತ್ರಿ ಅಕ್ಕಾರ. ಹೋದ ವಾರ ನಾನ ಕಿತ್ತೀನಿ. ಬ್ಯಾಡ ಅಂದ್ನಿ, ಸಾಹೇಬ ಕೇಳಲಿಲ್ಲ. ನಿಮ್ಮ ಮಂದಿ ಕುಂದರಿಸಿ ಮಣ್ಣು ಮಾಡ್ತಾರಲ್ರಿ, ಹಂಗ ಇತ್ತು ಕುಣಿ. ತಳದ ತನಕ ನೋಡೀನಿ, ಒಂದು ಎಲುಬಿನ ಚೂರಿಲ್ಲ. ಕುಂತಂವ ಎದ್ದು ಹೋದಂಗ, ಖಾಲಿ.”