ಮೊದಲ ಪ್ರಶ್ನೆ ನನ್ನದು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಮೊಮ್ಮಗಳ ಓದು ಮುಗಿಯಲಿ ಅಂದುಕೊಂಡೆ, ಮುಗಿಯಿತು. ಮದುವೆಯಾಗಲಿ ಅಂದುಕೊಂಡೆ, ಅದೂ ಆಯಿತು. ಆಮೇಲೆ ಕಣ್ಣಿನ ಆಪರೇಷನ್ನಿನ ನೆಪ ಸಿಕ್ಕಿತು. ಈಗ ಕಣ್ಣು ಚೆನ್ನಾಗಿಯೇ ಕಾಣುತ್ತಿದೆ. ಆದ್ದರಿಂದ ಬರೆಯುತ್ತೇನೆ: ಒಂದು ಹುಡುಗಿಗೆ ಸಿಗಬೇಕಾಗಿದ್ದ ಕಾಲೇಜು ಸೀಟನ್ನು ನಾನು ತಪ್ಪಿಸಿದೆ. ಯಾವ ನಿಯಮವನ್ನೂ ಮುರಿಯಲಿಲ್ಲ. ನ್ಯಾಯದ ಮಾತಾಡುತ್ತಲೇ ತಪ್ಪಿಸಿದೆ.

ನಂದಗುಡಿ ಹೋಬಳಿಯ ನಮ್ಮೂರಿನಲ್ಲಿ ನಾನು ಬಹಳ ವರ್ಷ ಹಾಲಿನ ಡೈರಿಯ ಸೆಕ್ರೆಟರಿಯಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆದರೂ ಡೈರಿಯಲ್ಲಿ ಕೂತವನ ಮಾತಿಗೆ ಊರಿನಲ್ಲಿ ಒಂದು ತೂಕವಿರುತ್ತದೆ. ಹೈಸ್ಕೂಲಿನ ಮೇಲುಸ್ತುವಾರಿ ಸಮಿತಿಗೂ ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದ್ದರು. ಊರಾಚೆ ಒಂದು ಖಾಸಗಿ ಪಿಯು ಕಾಲೇಜು ಬಂದಿತ್ತು. ಜಾಗ ನಮ್ಮ ಊರಿನ ರೈತರದು. ಜಾಗ ಬಿಟ್ಟುಕೊಡುವಾಗ ಊರಿನವರು ಒಂದು ಮಾತು ತೆಗೆದುಕೊಂಡಿದ್ದರು: ಪ್ರತಿವರ್ಷ ನಮ್ಮ ಹೈಸ್ಕೂಲಿನ ಒಂದು ಮಗುವಿಗೆ ಅಲ್ಲಿ ಸೈನ್ಸ್ ಸೀಟು, ಹಾಸ್ಟೆಲ್ಲು, ಎಲ್ಲವೂ ಉಚಿತ. ಯಾವ ಮಗು ಎಂಬುದನ್ನು ನಮ್ಮ ಸಮಿತಿಯೇ ಆರಿಸಬೇಕು. ಹತ್ತನೇ ತರಗತಿಯಲ್ಲಿ ಮೊದಲು ಬಂದವರಿಗೆ ಕೊಡುವುದು ರೂಢಿಯಾಗಿತ್ತು.

ಆ ವರ್ಷ ಮೊದಲು ಬಂದವಳು ಆ ಹುಡುಗಿ. ಎರಡನೆಯವಳು ನನ್ನ ಮೊಮ್ಮಗಳು ಮೇಘನಾ.

ಆ ಹುಡುಗಿಯನ್ನು ನಾನು ಚೆನ್ನಾಗಿ ಬಲ್ಲೆ. ಅವಳ ಮನೆಯಲ್ಲಿ ಒಂದು ಸೀಮೆಹಸು. ತಾಯಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿಗೆ ಬೇಗ ಹೊರಡುತ್ತಿದ್ದುದರಿಂದ ಹಾಲು ಹಾಕಲು ಇವಳೇ ಬರುತ್ತಿದ್ದಳು. ಡೈರಿಯಲ್ಲಿ ಹಾಲು ಸುರಿಯುವ ಮೊದಲು ಪ್ರತಿಯೊಬ್ಬರೂ ತಮ್ಮ ನಂಬರು ಹೇಳಬೇಕು, ಅದನ್ನು ನಾನು ಮಿಷಿನ್ನಿಗೆ ಒತ್ತಬೇಕು. ಈ ಹುಡುಗಿಗೆ ಮಾತು ತಡೆಯುತ್ತಿತ್ತು. ಸಾಲಿನಲ್ಲಿ ಹಿಂದೆ ಜನ ನಿಂತಿದ್ದರೆ ಇನ್ನೂ ಹೆಚ್ಚು ತಡೆಯುತ್ತಿತ್ತು. ಅದಕ್ಕೇ ಅವಳು ಕ್ಯಾನು ಎತ್ತುವಷ್ಟರಲ್ಲಿ ಅವಳ ನಂಬರನ್ನು ನಾನೇ ಹೇಳಿ ಒತ್ತಿಬಿಡುತ್ತಿದ್ದೆ. ಅವಳು ಸಣ್ಣದಾಗಿ ನಗುತ್ತಿದ್ದಳು. ಇದನ್ನು ನನ್ನ ಒಳ್ಳೆಯತನ ತೋರಿಸಲು ಬರೆಯುತ್ತಿಲ್ಲ. ನನಗೆ ಗೊತ್ತಿತ್ತು — ಅವಳಿಗೆ ಏನು ಕಷ್ಟ, ಯಾವಾಗ ಕಷ್ಟ ಎಂಬುದು ಊರಿನಲ್ಲಿ ಬೇರೆ ಯಾರಿಗಿಂತಲೂ ಹೆಚ್ಚಾಗಿ ನನಗೆ ಗೊತ್ತಿತ್ತು ಎಂದು ತಿಳಿಸಲು ಬರೆಯುತ್ತಿದ್ದೇನೆ.

ಫಲಿತಾಂಶ ಬಂದ ಮೇಲೆ ಶಾಲೆಯಲ್ಲಿ ಸಮಿತಿ ಸೇರಿತು. ಮೊದಲು ಬಂದವಳ ಹೆಸರು ಓದಿ, ಕಾಫಿ ಕುಡಿದು ಎದ್ದುಹೋಗುವ ಸಭೆ ಅದು. ನಾನು ತಡೆದೆ.

"ಸಾರ್, ಬರೀ ಮಾರ್ಕ್ಸ್ ನೋಡಿ ಸೀಟ್ ಕೊಡೋದು ಎಷ್ಟು ಸರಿ?" ಎಂದು ಹೆಡ್‌ಮಾಸ್ತರನ್ನು ಕೇಳಿದೆ.

"ಇನ್ನೇನ್ ನೋಡಿ ಕೊಡೋದು ಸೆಕ್ರೆಟ್ರೀ? ಮಕ್ಳ ಜಾತ್ಕ ನೋಡಣಾ?" ಎಂದರು ಅವರು.

ಸಮಿತಿಯಲ್ಲಿದ್ದ ಪಿಳ್ಳಪ್ಪ ನಕ್ಕ. "ನಮ್ ಕಾಲ್ದಾಗೆ ಪಾಸಾದ್ರೆ ಸಾಕು, ಊರಿಗೆಲ್ಲ ಪುರಿ ಹಂಚೋರು. ಈಗ ತೊಂಬತ್ತು ಬಂದ್ರೂ ಮುಸುಮುಸು ಅಂತ ಅಳ್ತವೆ ಕಣ್ರಪ್ಪಾ. ಎಲ್ಲಿಂದ ಬತ್ತವೋ ಈ ಮಾರ್ಕ್ಸು!"

ನನಗೆ ಬೇಕಾಗಿದ್ದ ಮಾತನ್ನು ಅವನೇ ಎತ್ತಿಕೊಟ್ಟ. "ಅದೇ ನಾನು ಹೇಳೋದು. ಸ್ಕೂಲಲ್ಲೇ ಹಾಕೋ ಒಳಗಿನ ಮಾರ್ಕ್ಸ್ ಎಲ್ರಿಗೂ ಕೈತುಂಬ ಕೊಟ್ಬಿಡ್ತೀರ. ಪರೀಕ್ಷೇಲಿ ಪಕ್ಕದೋರದ್ದು ನೋಡ್ಕೊಂಡು ಬರೆಯೋರೂ ಅವ್ರೆ. ಕ್ಯಾನ್ ತುಂಬ ಹಾಲು ತಂದ್ರೆ ನಾನು ಸುಮ್ನೆ ಹಾಕಿಸ್ಕೊಳ್ತೀನಾ ಸಾರ್? ಸ್ಯಾಂಪಲ್ ತೆಗ್ದು ಫ್ಯಾಟ್ ನೋಡಲ್ವಾ? ಮಕ್ಳನ್ನ ಎದುರಿಗೆ ನಿಲ್ಸಿ ನಾಕು ಪ್ರಶ್ನೆ ಕೇಳಣ. ಕಲ್ತಿರೋರು ಹೇಳ್ತಾರೆ."

ಹಾಲಿನ ಹೋಲಿಕೆ ಎಲ್ಲರಿಗೂ ಹಿಡಿಸಿತು. ನಾನು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಒಳಗಿನ ಅಂಕಗಳು ಹಾಗೆಯೇ ಬರುತ್ತಿದ್ದವು, ಇವತ್ತೂ ಹಾಗೆಯೇ ಬರುತ್ತವೆ. ಆದರೆ ನಿಜವಾದ ಮಾತನ್ನು ಯಾವತ್ತು, ಯಾರ ಎದುರಿಗೆ, ಏತಕ್ಕೆ ಎತ್ತುತ್ತೇವೆ ಎಂಬುದು ಒಂದಿದೆಯಲ್ಲ. ಹಿಂದಿನ ವರ್ಷಗಳಲ್ಲಿ ಇದೇ ಸಭೆಯಲ್ಲಿ ಕೂತು ನಾನು ಕಾಫಿ ಕುಡಿದು ಎದ್ದುಹೋಗಿದ್ದೆ.

ಹೆಡ್‌ಮಾಸ್ತರು ಕೊನೆಯ ಮಾತೊಂದನ್ನು ಕೇಳಿದರು. "ನಿಮ್ ಮೊಮ್ಮಗ್ಳೇ ಸೆಕೆಂಡ್ ಬಂದವ್ಳೆ. ಜನ ಏನಂತಾರೆ?"

"ಅದಕ್ಕೇ ನಾನು ಮಾರ್ಕ್ಸ್ ಹಾಕಲ್ಲ ಸಾರ್. ನೀವೇ ಹಾಕಿ. ಮಕ್ಳು ಹೆದರ್ಕೊಬಾರ್ದು ನೋಡಿ — ಮೊದ್ಲು ಮಾತಾಡ್ಸೋದಷ್ಟೇ ನನ್ ಕೆಲ್ಸ."

ಎಲ್ಲರೂ ತಲೆದೂಗಿದರು. ಅಂಕ ಹಾಕುವುದಿಲ್ಲ ಎಂದ ಆ ಒಂದು ಮಾತಿನಿಂದ ನಾನು ಪ್ರಾಮಾಣಿಕನೆಂದು ಹೆಸರಾದೆ.

ಆ ಹುಡುಗಿ ಪಾಠದ ಪ್ರಶ್ನೆಗಳಿಗೆ ಹೇಗೋ ಉತ್ತರ ಹೇಳಬಲ್ಲಳು. ಒಂದು ಪದ ತಡೆದರೆ ಇನ್ನೊಂದು ಪದ ಹಿಡಿದು ದಾಟುತ್ತಿದ್ದಳು. ಡೈರಿಯ ಸಾಲಿನಲ್ಲಿ ಅವಳು ಗೆಳತಿಯರ ಜೊತೆ ಹಾಗೆ ಮಾತಾಡುವುದನ್ನು ನಾನು ಕೇಳುತ್ತಿದ್ದೆ. ಆದರೆ ಹೆಸರಿಗೆ ಬದಲಿ ಪದ ಇಲ್ಲ. ಯಾರಾದರೂ ಹೊಸಬರು ಹೆಸರು ಕೇಳಿದರೆ ಅವಳ ತುಟಿ ಕೂಡಿಕೊಂಡುಬಿಡುತ್ತಿತ್ತು. ಅದನ್ನೂ ನೋಡಿದ್ದೆ.

ಸಂದರ್ಶನದ ದಿನ ಮೇಘನಾಳನ್ನು ಮೊದಲು ಕರೆದರು. ನಾನು ಹೆಸರು ಕೇಳಿದೆ, ಹೇಳಿದಳು, ಎಲ್ಲರೂ ನಕ್ಕರು — ತಾತನಿಗೆ ಮೊಮ್ಮಗಳ ಹೆಸರು ಗೊತ್ತಿಲ್ಲವೇ ಎಂದು. "ಎಲ್ರಿಗೂ ಒಂದೇ ಪ್ರಶ್ನೆ ಕಣ್ರಪ್ಪಾ" ಎಂದೆ.

ಆಮೇಲೆ ಆ ಹುಡುಗಿ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದಳು. ನನ್ನನ್ನು ನೋಡಿ ಅವಳ ಮುಖ ಹಗುರವಾಯಿತು. ಡೈರಿಯಲ್ಲಿ ನಂಬರು ಹೇಳಿಬಿಡುವ ತಾತ ಇಲ್ಲೂ ಇದ್ದಾನಲ್ಲ ಎಂದುಕೊಂಡಿರಬೇಕು — ಅಥವಾ ಅದು ನನ್ನ ಕಲ್ಪನೆಯಿರಬಹುದು.

"ನಿನ್ ಹೆಸ್ರು ಹೇಳಮ್ಮಾ" ಎಂದೆ.

ತುಟಿ ಕೂಡಿಕೊಂಡಿತು. ಬಿಡಲಿಲ್ಲ. ಕುತ್ತಿಗೆಯ ನರ ಎದ್ದಿತು. ಹೆಡ್‌ಮಾಸ್ತರು, "ಇರ್ಲಿ ಬಿಡಿ, ಹೆಸ್ರು ನಮ್ಗೆ ಗೊತ್ತಲ್ಲ, ಪಾಠಕ್ಕೆ ಬರಣ" ಎಂದರು. ಅಲ್ಲಿಗೆ ನಾನು ಬಿಡಬಹುದಿತ್ತು.

"ಗಾಬರಿ ಬೇಡಮ್ಮಾ. ನಿಧಾನಕ್ಕೆ. ಇನ್ನೊಂದ್ಸಲ ಹೇಳು" ಎಂದೆ. ದನಿಯಲ್ಲಿ ಬೇಕಾದಷ್ಟು ಕರುಣೆ ಇತ್ತು.

ಅವಳು ಮತ್ತೆ ಪ್ರಯತ್ನಿಸಿದಳು. ಆಗಲಿಲ್ಲ. ಆಮೇಲೆ ಕೇಳಿದ ಪ್ರಶ್ನೆಗಳಿಗೆ ಅವಳು ತಲೆ ತಗ್ಗಿಸಿಕೊಂಡೇ ನಿಂತಿದ್ದಳು. ಸೀಟು ಮೇಘನಾಳಿಗೆ ಬಂತು. ಒಂದು ಅಂಕವನ್ನೂ ನಾನು ಹಾಕಿರಲಿಲ್ಲ.

ಕೋಣೆಯ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದ್ದ ಮೇಘನಾ, ಸ್ಕೂಟರಿನಲ್ಲಿ ಮನೆಗೆ ಬರುವಾಗ ಹಿಂದೆ ಕೂತು ಹೇಳಿದಳು, "ತಾತ, ಅವ್ಳಿಗೆ ಹೆಸ್ರು ಕೇಳ್ಬಾರ್ದಿತ್ತು. ಕ್ಲಾಸಲ್ಲಿ ಸಾರೂ ಕೇಳಲ್ಲ. ಬೇರೆ ಏನ್ ಕೇಳಿದ್ರೂ ಹೇಳೋಳು."

"ನಂಗೇನಮ್ಮಾ ಗೊತ್ತಿತ್ತು" ಎಂದೆ.

ಮೇಘನಾ ಮತ್ತೆ ಆ ಮಾತೆತ್ತಲಿಲ್ಲ. ನನ್ನನ್ನು ನಂಬಿದಳೋ ಇಲ್ಲವೋ, ನಾನೂ ಕೇಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಆ ಹುಡುಗಿ ಎಂದಿನಂತೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಳು. ಅವಳ ಸರದಿ ಬಂದಾಗ ಅಭ್ಯಾಸದಂತೆ ನಂಬರು ಹೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು. ಕ್ಯಾನನ್ನು ಕೆಳಗಿಟ್ಟಳು. ಹಿಂದಿನಿಂದ ಯಾರೋ, "ಲೇ, ಬೇಗ ಹಾಕಮ್ಮಿ, ಬಸ್ಸಿಗೆ ಹೊತ್ತಾಯ್ತದೆ" ಎಂದರು. ಅವಳು ತಿರುಗಿ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತ, ತಡೆದು, ಬಿಟ್ಟು, ಮತ್ತೆ ತಡೆದು, ತನ್ನ ನಂಬರನ್ನು ತಾನೇ ಹೇಳಿದಳು. ಪೂರ್ತಿ ಹೇಳುವವರೆಗೆ ಹಾಲು ಸುರಿಯಲಿಲ್ಲ. ಅವತ್ತಿನಿಂದ ನಾನು ಸೆಕ್ರೆಟರಿಯಾಗಿದ್ದಷ್ಟು ದಿನವೂ ಅದು ಹಾಗೆಯೇ ನಡೆಯಿತು.

ಅವಳು ಸರ್ಕಾರಿ ಕಾಲೇಜಿಗೆ ಸೇರಿದಳು. ನಮಗೆ ಹತ್ತಿರದ ಕಾಲೇಜಿನಲ್ಲಿ ಸೈನ್ಸ್ ಇರಲಿಲ್ಲ, ಕಾಮರ್ಸ್ ತೆಗೆದುಕೊಂಡಳು. ಈಗ ಹೊಸಕೋಟೆ ಕಡೆಯ ಒಂದು ದೊಡ್ಡ ಗೋದಾಮಿನಲ್ಲಿ ಪೆಟ್ಟಿಗೆಗಳನ್ನು ಸ್ಕ್ಯಾನ್ ಮಾಡುವ ಕೆಲಸ. ಕಂಪನಿ ಬಸ್ಸು ಊರ ಬಾಗಿಲಿಗೆ ಬರುತ್ತದೆ. ಮೇಘನಾ ಸೈನ್ಸ್ ಓದಿ, ಹಿಡಿಸದೆ, ಡಿಗ್ರಿಗೆ ಬೇರೆಯದನ್ನು ತೆಗೆದುಕೊಂಡಳು. ಸೈನ್ಸ್ ಸಿಕ್ಕಿದ್ದರೆ ಆ ಹುಡುಗಿ ಏನಾಗುತ್ತಿದ್ದಳು ಎಂದು ನನಗೆ ಗೊತ್ತಿಲ್ಲ. ಅದು ಯಾರಿಗೂ ಎಂದೂ ಗೊತ್ತಾಗದಂತೆ ಮಾಡಿದ್ದೇ ನನ್ನ ಕೆಲಸ.

ಸಂದರ್ಶನದ ಪದ್ಧತಿ ಮಾತ್ರ ನಿಂತಿಲ್ಲ. ಸಮಿತಿಗೆ ಹೊಸಬರು ಬಂದಿದ್ದಾರೆ. ಪ್ರತಿವರ್ಷ ಮಕ್ಕಳನ್ನು ಎದುರಿಗೆ ನಿಲ್ಲಿಸಿ ಕೇಳುತ್ತಾರೆ. ಹೋದ ಗಣರಾಜ್ಯೋತ್ಸವದ ದಿನ ಶಾಲೆಯಲ್ಲಿ ನನಗೆ ಶಾಲು ಹೊದಿಸಿದರು. ಸೀಟಿನ ವಿಷಯದಲ್ಲಿ ನ್ಯಾಯವಾದ ಪದ್ಧತಿ ತಂದವರು ನಮ್ಮ ಸೆಕ್ರೆಟರಿ ಎಂದು ಮೈಕಿನಲ್ಲಿ ಹೇಳಿದರು. ನಾನು ಶಾಲು ಹೊದ್ದುಕೊಂಡು ಕೂತಿದ್ದೆ. ಕಂಪನಿ ಬಸ್ಸಿಗೆ ಹೊರಟಿದ್ದ ಅವಳು ಶಾಲೆಯ ಗೇಟಿನ ಮುಂದೆ ಹಾದುಹೋದಳು. ಮೈಕು ಅವಳಿಗೂ ಕೇಳಿಸಿರಬೇಕು. ಹೆಜ್ಜೆ ನಿಧಾನ ಮಾಡಲಿಲ್ಲ.

ಹೋಗಿ ಕ್ಷಮೆ ಕೇಳಬಹುದಿತ್ತು. ಕೇಳಿದರೆ ಅವಳು ಉತ್ತರ ಹೇಳಬೇಕಾಗುತ್ತದೆ — ಮತ್ತೊಮ್ಮೆ ನಾನು ಪ್ರಶ್ನೆ ಹಾಕಿ ಅವಳ ಬಾಯಿಯನ್ನೇ ನೋಡುತ್ತ ನಿಂತಂತೆ — ಎಂದು ಇಷ್ಟು ದಿನ ಸಮಾಧಾನ ಹೇಳಿಕೊಂಡೆ. ಅದೂ ನೆಪವೇ.

ಈ ವರ್ಷದ ಫಲಿತಾಂಶ ಬಂದಿದೆ. ಸಮಿತಿ ಸೇರುವ ದಿನ ನಾನು ಹೋಗುತ್ತೇನೆ. ಪದ್ಧತಿಯನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅವರು ತೀರ್ಮಾನಿಸಲಿ. ಅದು ಹೇಗೆ, ಯಾರಿಗಾಗಿ ಹುಟ್ಟಿತು ಎಂಬುದನ್ನು ಇಲ್ಲಿ ಬರೆದಂತೆಯೇ ಓದಿ ಹೇಳುತ್ತೇನೆ. ಅದಕ್ಕೂ ಮೊದಲು ಅವಳ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಅವಳು ಮಾತಾಡದಿದ್ದರೆ ಸುಮ್ಮನೆ ವಾಪಸು ಬರುತ್ತೇನೆ.

ಅವತ್ತು ಆ ಕೋಣೆಯಲ್ಲಿದ್ದ ನಮಗೆಲ್ಲ ಗೊತ್ತಿದ್ದ ಹೆಸರು ಅದು. ಅವಳ ಬದಲಿಗೆ ನಾನು ಹೇಳಿಬಿಡಬಹುದಿತ್ತು, ಡೈರಿಯಲ್ಲಿ ದಿನವೂ ನಂಬರು ಹೇಳುತ್ತಿದ್ದ ಹಾಗೆ.

ಪುಷ್ಪಲತಾ.