ಫಾರಂನಲ್ಲಿ ಬರೆಯದ ಎಡಗೈ

ಕೋವಿಡ್ ಗದ್ದಲ ಮುಗಿದ ಮರುವರ್ಷದ ಮಾತು. ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಾನು ಹಿರಿಯ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದೆ. ಸೋತ ಕೈಗಳನ್ನು ಮತ್ತೆ ದಿನದ ಕೆಲಸಕ್ಕೆ ಪಳಗಿಸುವುದು ಆ ಹುದ್ದೆಯ ಕೆಲಸ. ಮಿದುಳಿನ ಆಪರೇಷನ್ನಿಗೆ ಮುಂಚೆ ರೋಗಿಯ ಕೈ ಏನೇನು ಮಾಡಬಲ್ಲದು ಎಂದು ನೋಡಿ ಫಾರಂ ತುಂಬುವುದೂ ನನ್ನ ಪಾಲಿಗಿತ್ತು. ಆ ಫಾರಂ ತಯಾರಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಹಲವರನ್ನು ಬೈಯುವವಳಿದ್ದೇನೆ, ಮೊದಲ ಬೈಗುಳ ನನಗೇ ಸಲ್ಲಬೇಕು.

ಆಗ ಬಂದ ರೋಗಿ ಮಹಾನಂದಾ, ಚಿಂಚೋಳಿ ಪಕ್ಕದ ಚಂದಾಪುರದವಳು, ಮೂವತ್ತೆಂಟು ವಯಸ್ಸು. ಒಂದು ಖಾನಾವಳಿಯ ಒಳಗಿನ ಕೋಣೆಯಲ್ಲಿ ಕೂತು ದಿನಕ್ಕೆ ಇನ್ನೂರೈವತ್ತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಗಂಡ ಶರಣಪ್ಪ, ವಾಡಿ ಊರಿನ ಕಾರ್ಖಾನೆಯಲ್ಲಿ ಸಿಮೆಂಟ್ ಚೀಲ ಹೊರುವವನು, ಬೆನ್ನು ಹಿಡಿದುಕೊಂಡು ಮನೆಯಲ್ಲಿ ಕೂತಿದ್ದ. ಎರಡು ತಿಂಗಳಿಂದ ಅವಳ ರೊಟ್ಟಿಗಳು ಅಂಚಿನಲ್ಲಿ ಹರಿಯತೊಡಗಿದ್ದವು. ಒಂದು ದಿನ ಒಲೆಯ ಮುಂದೆಯೇ ಎಡಗೈ ಸೆಟೆದು ನಡುಗಿ ಬಿದ್ದಳು. ಸ್ಕ್ಯಾನ್ ಮಾಡಿದಾಗ ಮಿದುಳಿನ ಬಲಭಾಗದಲ್ಲಿ ನಿಂಬೆಕಾಯಿ ಗಾತ್ರದ ಗಡ್ಡೆ ಕಂಡಿತು.

ನಾನು ಸೇಡಂನವಳೆಂದು ಗೊತ್ತಾದಾಗ ಅವಳ ಮುಖ ಅರಳಿತು. "ನಮ್ಮ ಕಡೀ ಮಾತು ಕೇಳಿ ಜೀವಕ್ಕ ಛಲೋ ಆತ್ರಿ ಅಕ್ಕಾರ" ಅಂದಳು.

ಮಿದುಳಿನ ಬಲಭಾಗ ಎಡಗೈಯನ್ನು ಆಳುತ್ತದೆ. ಆದರೆ ಕೈಗೆ ಒಂದೇ ಗುಂಡಿ ಇರುವುದಿಲ್ಲ. ಒಂದು ಜಾಗ ಬೆರಳನ್ನು ಅಲುಗಿಸುತ್ತದೆ, ಅದರ ಮುಂದಿನದು ಚಲನೆಗಳನ್ನು ಒಂದರ ಹಿಂದೊಂದು ಜೋಡಿಸುತ್ತದೆ, ಹಿಂದಿನದು ಕೈಯಡಿಯಲ್ಲಿ ಏನಿದೆ ಎಂದು ತಿಳಿಸುತ್ತದೆ. ಇವೆಲ್ಲ ಸೇರಿ ಒಂದು ಜಾಲ. ಆಪರೇಷನ್ ವೇಳೆ ಮಿದುಳಿನ ಮೇಲ್ಮೈಗೆ ಸಣ್ಣ ವಿದ್ಯುತ್ ತಾಗಿಸಿ, ಯಾವ ಜಾಗ ಯಾವ ಕೆಲಸದ್ದು ಎಂದು ಗುರುತು ಹಾಕುವುದಕ್ಕೆ ಮ್ಯಾಪಿಂಗ್ ಎನ್ನುತ್ತಾರೆ. ಬೆರಳು ಅಲುಗಿಸುವ ಜಾಗವನ್ನು ರೋಗಿ ಅರಿವಳಿಕೆಯ ನಿದ್ದೆಯಲ್ಲಿ ಮಲಗಿದ್ದಾಗಲೂ ಹುಡುಕಬಹುದು. ಚಲನೆ ಜೋಡಿಸುವ ಜಾಗ ಸಿಗಬೇಕಾದರೆ ರೋಗಿ ಎಚ್ಚರವಿದ್ದು ಕೆಲಸ ಮಾಡಿ ತೋರಿಸಬೇಕು. ಮಹಾನಂದಾಳ ಗಡ್ಡೆ ಕೂತಿದ್ದು ಸರಿಯಾಗಿ ಅಲ್ಲೇ.

ನನ್ನ ಫಾರಂನಲ್ಲಿ ಎರಡು ಪ್ರಶ್ನೆಗಳಿದ್ದವು. ಯಾವ ಕೈಯಲ್ಲಿ ಊಟ ಮಾಡುತ್ತೀರಿ? ಯಾವ ಕೈಯಲ್ಲಿ ಸಹಿ ಮಾಡುತ್ತೀರಿ? ಎರಡಕ್ಕೂ ಅವಳು ಬಲಗೈ ಎಂದಳು. ನಾನು "ಬಲಗೈ ಪ್ರಧಾನ" ಎಂದು ಬರೆದು ಮುಂದಿನ ಹಾಸಿಗೆಗೆ ಹೋದೆ. ನಮ್ಮ ಕಡೆ ಎಡಗೈಯಲ್ಲಿ ತುತ್ತು ಎತ್ತಿದರೆ ಅಜ್ಜಿ ಬೆನ್ನ ಮೇಲೆ ಬಾರಿಸುತ್ತಿದ್ದಳು, ಎಡಗೈಯಲ್ಲಿ ಬಳಪ ಹಿಡಿದರೆ ಮಾಸ್ತರು ಗಣ್ಣಿನ ಮೇಲೆ ಹೊಡೆಯುತ್ತಿದ್ದರು. ಹುಟ್ಟಾ ಎಡಚರೂ ಬಲಗೈಯಲ್ಲೇ ಉಣ್ಣುತ್ತಾರೆ, ಬಲಗೈಯಲ್ಲೇ ಬರೆಯುತ್ತಾರೆ. ಸೇಡಂನಲ್ಲಿ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೂವತ್ತು ವರ್ಷ ಆಸ್ಪತ್ರೆಯ ಅನ್ನ ತಿಂದು ಮರೆತಿದ್ದೆ. ಎಡಗೈ ನಡುಗಿತು, ರೊಟ್ಟಿ ಹರಿದವು ಎಂದು ಅದೇ ಫಾರಂನಲ್ಲಿ ನನ್ನ ಕೈಯಾರೆ ಬರೆದಿದ್ದೆ. ಎರಡನ್ನೂ ಸೇರಿಸಿ ಓದುವ ಬುದ್ಧಿ ಬರಲಿಲ್ಲ.

ಫಾರಂ ನೋಡಿದ ನಮ್ಮ ಸರ್ಜನ್, ರೋಗಿಯನ್ನು ಮಲಗಿಸಿಯೇ ಆಪರೇಷನ್ ಮಾಡುವುದು, ಗಡ್ಡೆಯನ್ನು ಅಂಚು ಸಮೇತ ತೆಗೆಯುವುದು ಎಂದು ತೀರ್ಮಾನಿಸಿದರು. "ಎಡಗೈ ತಾನೆ? ಸ್ವಲ್ಪ ಒರಟಾದರೆ ಅವಳ ಬದುಕೇನೂ ನಿಲ್ಲುವುದಿಲ್ಲ" ಅಂದರು. ನಾನೂ ತಲೆಯಾಡಿಸಿದೆ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ವಾರ್ಡಿಗೆ ಹೋದೆ. ಮಹಾನಂದಾ ಗೋಡೆಗೆ ಮುಖ ಮಾಡಿ ಕೂತು, ಮಡಚಿದ ಟವೆಲ್ಲಿನ ಮೇಲೆ ಎಡ ಅಂಗೈಯಿಂದ ತಟ್ಟುತ್ತಿದ್ದಳು. ಒಂದೊಂದು ಏಟಿಗೂ ಟವೆಲ್ಲು ಚೂರು ಚೂರೇ ತಿರುಗುತ್ತಿತ್ತು, ನಾವು ರೊಟ್ಟಿ ತಿರುಗಿಸುವುದಕ್ಕೆ ಉಲ್ಟಾ. ನನ್ನನ್ನು ಕಂಡೊಡನೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ರೊಟ್ಟಿ ಯಾವ ಕೈಲೆ ಬಡೀತೀರಿ?" ಎಂದೆ.

"ಬಲಗೈಲೇರಿ."

"ಖರೆ ಹೇಳ್ರಿ, ಮಹಾನಂದಾ."

ಅವಳು ಬಾಗಿಲ ಕಡೆ ನೋಡಿದಳು. "ಎಡಗೈಲೇರಿ ಅಕ್ಕಾರ. ಬಲಗೈಗಿ ಅದು ಬರಂಗೇ ಇಲ್ಲ. ಖಾನಾವಳಿ ಸಾವ್ಕಾರಗ ಗೊತ್ತಿಲ್ಲ. ಗೊತ್ತಾದ್ರ ಎಡಗೈ ರೊಟ್ಟಿ ಯಾರ್ ತಿಂತಾರ್ರಿ? ಅದಕ್ಕ ಒಳಗ ಕುಂತು ಬಾಗಿಲಾ ಹಾಕ್ಕೊಂಡು ಬಡೀತೀನಿ. ಹದಿನೆಂಟು ವರ್ಷ ಆತು."

ಅವಳ ಎಡ ಅಂಗೈ ಹಿಡಿದು ನೋಡಿದೆ. ಬುಡದಲ್ಲಿ ಜಡ್ಡುಗಟ್ಟಿತ್ತು, ಬೆರಳ ತುದಿಗಳಲ್ಲಿ ಹೆಂಚಿನ ಸುಟ್ಟ ಕಲೆಗಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ, ನನಗೆ ಫಾರಂ ಬೇಕಾಗಿತ್ತು! ಮೈಯೆಲ್ಲ ಉರಿದುಹೋಯಿತು. ಮರುದಿನ ಬೆಳಿಗ್ಗೆ ಎಂಟಕ್ಕೆ ಆ ಕೈಯ ಕಸುಬನ್ನು ಕತ್ತರಿಸಿ ಹಾಕುವುದಕ್ಕೆ ನಾವೆಲ್ಲ ಸಹಿ ಮಾಡಿದ್ದೆವು.

ಸರ್ಜನ್‌ರ ಹತ್ತಿರ ಹೋಗಿ, ಆಪರೇಷನ್ ಮುಂದೂಡಿ, ಎಚ್ಚರದಲ್ಲಿ ಮ್ಯಾಪಿಂಗ್ ಮಾಡಿ ಎಂದೆ. ಅವರು ಕೆಂಡವಾದರು. "ಫಾರಂ ನಿಮ್ಮದು, ಸಹಿ ನಿಮ್ಮದು. ಈಗ ಕಥೆ ಹೇಳುತ್ತೀರಾ?" ಎಂದರು. ಶರಣಪ್ಪನನ್ನು ಕರೆಸಿ, ನನ್ನಿಂದಲೇ ಕನ್ನಡದಲ್ಲಿ ಕೇಳಿಸಿದರು. ಆ ಪುಣ್ಯಾತ್ಮ ನೆಲ ನೋಡುತ್ತಾ, "ಇಲ್ರೀ ಸಾಹೇಬ್ರ, ನಮ್ಮ ಮನ್ಯಾಗ ಎಡಚರು ಯಾರೂ ಇಲ್ಲ" ಎಂದುಬಿಟ್ಟ. ಹೆಂಡತಿಯ ಕೈ ಹೋದರೂ ಸರಿ, ಮಾತು ಹೊರಗೆ ಬೀಳಬಾರದು! ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು.

ಆಗ ಬಾಗಿಲಲ್ಲಿ ನಿಂತಿದ್ದ ಮಹಾನಂದಾ ಒಳಗೆ ಬಂದಳು. ಮೇಜಿನ ಮೇಲಿದ್ದ ಒಂದು ಫೈಲನ್ನು ಎಳೆದುಕೊಂಡು ಎಡಗೈಯಿಂದ ತಟ್ಟಿ ತೋರಿಸಿದಳು. "ಇದು ಹೋತಂದ್ರ ಮಕ್ಕಳು ಸೇರಿ ನಾವು ನಾಲ್ಕು ಮಂದಿ ಏನ್ ತಿನ್ನಬೇಕ್ರಿ?" ಎಂದು ಗಂಡನನ್ನೇ ಕೇಳಿದಳು. ನಾನು ಅದನ್ನು ಸರ್ಜನ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಆ ಕೈಯನ್ನು ನೋಡಿ, ಎಚ್ಚರದ ಆಪರೇಷನ್ನಿಗೆ ಒಪ್ಪಿ, ಎರಡು ದಿನ ಮುಂದಕ್ಕೆ ಹಾಕಿದರು.

ಎಚ್ಚರದ ಆಪರೇಷನ್ ಎಂದರೆ ಜನ ಬೆಚ್ಚಿಬೀಳುತ್ತಾರೆ. ನೆತ್ತಿಯ ಚರ್ಮವನ್ನು ಮರಗಟ್ಟಿಸುತ್ತಾರೆ, ಮಿದುಳಿಗೆ ನೋವು ಗೊತ್ತಾಗುವುದಿಲ್ಲ. ನಾನು ಪರದೆಯ ಈಚೆ ಅವಳ ಮುಖಕ್ಕೆ ಮುಖ ಕೊಟ್ಟು ಕೂತಿದ್ದೆ. ಅವಳ ಕೈಯಡಿಯಲ್ಲಿ ಒಂದು ಸ್ಟೀಲ್ ತಟ್ಟೆ, ಅದರ ಮೇಲೆ ರೊಟ್ಟಿಯಷ್ಟಗಲದ ಸ್ಪಂಜು. ಮೂರು ಮಿಲಿಆಂಪಿಯರ್ ವಿದ್ಯುತ್ ತಾಗಿದಾಗ ಮೊದಲು ಹೆಬ್ಬೆರಳು ತಾನಾಗಿ ಅದುರಿತು. ಅಲ್ಲಿ ಗುರುತು ಬಿತ್ತು. ಸರ್ಜನ್ ಎರಡು ಸೆಂಟಿಮೀಟರ್ ಮುಂದೆ ತಾಗಿಸಿದರು. ಮುಷ್ಟಿ ಕಟ್ಟು ಎಂದೆ, ಕಟ್ಟಿದಳು. ಬೆರಳು ಎಣಿಸು ಎಂದೆ, ಎಣಿಸಿದಳು.

"ಇಲ್ಲಿ ಏನೂ ಇಲ್ಲ, ತೆಗೆಯುತ್ತೇನೆ" ಎಂದರು ಸರ್ಜನ್.

"ನಿಲ್ಲಿ" ಎಂದೆ, ಕೊಂಚ ಗಟ್ಟಿಯಾಗಿಯೇ. "ಮಹಾನಂದಾ, ರೊಟ್ಟಿ ಬಡೀರಿ."

ಪಟ್ ಪಟ್ ಪಟ್ ಎಂದು ಮೂರು ಏಟು ಬಿದ್ದವು. ಅದೇ ಜಾಗಕ್ಕೆ ವಿದ್ಯುತ್ ತಾಗಿತು, ಕೈ ಸ್ಪಂಜಿನ ಮೇಲೆ ಹಾಗೆಯೇ ಚಪ್ಪಟೆಯಾಗಿ ನಿಂತುಬಿಟ್ಟಿತು. ವಿದ್ಯುತ್ ತೆಗೆದರು, ಮತ್ತೆ ಪಟ್ ಪಟ್. ಮೂರು ಸಲ ಮಾಡಿದರೂ ಅದೇ. "ಕೈ ಇತ್ರಿ ಅಕ್ಕಾರ, ಮುಂದ ಏನ್ ಮಾಡಬೇಕಂತ ಅದಕ್ಕ ತಿಳೀಲಿಲ್ಲ" ಅಂದಳು. ಸರ್ಜನ್ ಅಲ್ಲಿ ಗುರುತಿಗೊಂದು ಸಣ್ಣ ಚೀಟಿ ಇಟ್ಟು, ಆ ಜಾಗದ ಗಡ್ಡೆಯ ಚೂರನ್ನು ಮುಟ್ಟದೆ ಬಿಟ್ಟರು. ಆ ಚೂರಿಗಾಗಿ ಅವಳು ಇವತ್ತಿಗೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳಬೇಕು. ಅದನ್ನು ಅವಳಿಗೆ ಮೊದಲೇ ತಿಳಿಸಿ ಕೇಳಿದ್ದೆವು, ಅವಳು ಕೈಯನ್ನೇ ಆರಿಸಿಕೊಂಡಿದ್ದಳು.

ಮೂರು ವಾರ ಕೈ ಸೋತಿತ್ತು, ಆಮೇಲೆ ಹಿಡಿತಕ್ಕೆ ಬಂತು. ಮೂರನೆಯ ತಿಂಗಳು ನಮ್ಮ ಕ್ಯಾಂಟೀನಿನಲ್ಲಿ ಜೋಳದ ಹಿಟ್ಟು ಕೊಟ್ಟು ಪರೀಕ್ಷೆ ಮಾಡಿದೆ. ಒಂದೂ ಹರಿಯಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಹೆಂಡತಿ ತಲೆ ತೆರೆದಿದ್ದಾಗಲೂ ರೊಟ್ಟಿ ಬಡಿದಳೆಂದು ಶರಣಪ್ಪ ಚಹಾದಂಗಡಿಯಲ್ಲಿ ಜಂಬ ಕೊಚ್ಚಿದ. ಯಾವ ಕೈಲೆ ಅಂತ ಯಾರೋ ಕೇಳಿದರು, ಹುರುಪಿನಲ್ಲಿ ಹೇಳಿಯೂ ಬಿಟ್ಟ. ಮರುದಿನ ಖಾನಾವಳಿಯ ಸಾವ್ಕಾರ, "ನಾಳಿಂದ ಬರಬ್ಯಾಡ" ಎಂದು ಹೇಳಿ ಕಳಿಸಿದ. ಹದಿನೆಂಟು ವರ್ಷ ಆ ರೊಟ್ಟಿ ತಿಂದು ಯಾರಿಗೆ ಹೊಟ್ಟೆನೋವು ಬಂದಿತ್ತಂತೆ? ಹತ್ತು ಜನ ಸೇರಿ ಉಳಿಸಿದ ಕೈಯ ಕೆಲಸ ಕಸಿಯಲು ಅವನ ಒಂದು ಮಾತು ಸಾಕಾಯಿತು. ಬರೆಯುವಾಗ ಈಗಲೂ ನನ್ನ ರಕ್ತ ಕುದಿಯುತ್ತದೆ.

ನಿವೃತ್ತಿಗೆ ಮುಂಚೆ ಆ ಫಾರಂ ಬದಲಿಸಿದೆ. ಊಟ, ಸಹಿ ಎರಡನ್ನೂ ಹೊಡೆದುಹಾಕಿ, "ನಿಮ್ಮ ಕೆಲಸ ಯಾವುದು? ಮಾಡಿ ತೋರಿಸಿ" ಎಂದು ಬರೆದೆ. ಬಾಯಿಗೆ ಊರಿನ ಅಂಜಿಕೆ ಇರುತ್ತದೆ, ಕೈಯನ್ನೇ ಕೇಳಬೇಕು. ಇಷ್ಟನ್ನು ಕಲಿಯಲು ನನಗೆ ಇಡೀ ನೌಕರಿ ಬೇಕಾಯಿತು.

ಹೋದ ತಿಂಗಳು ಚಂದಾಪುರಕ್ಕೆ ಹೋಗಿದ್ದೆ. ಮಹಾನಂದಾ ಮಾರ್ಕೆಟ್ ಬದಿಯಲ್ಲಿ ಸ್ವಂತ ಒಲೆ ಹಾಕಿ, ಬಯಲಲ್ಲೇ ಕೂತು, ಎಡಗೈಯಿಂದ ಬಡಿಯುತ್ತಿದ್ದಳು. ಶರಣಪ್ಪ ಪಲ್ಯ ಬಡಿಸುತ್ತಿದ್ದ. ಹಿರಿಯರೊಬ್ಬರು ಬಂದು ನಿಂತು, ಕೈ ನೋಡಿ, "ಎಡಗೈಲೆ ಬಡೀಲಿಕತ್ತೀಯಲ್ಲವ್ವಾ" ಎಂದು ಮುಖ ಸಿಂಡರಿಸಿದರು.

ಅವಳು ತಲೆ ಎತ್ತಲಿಲ್ಲ, ಕೈಯೂ ನಿಲ್ಲಲಿಲ್ಲ. "ಬಡಿಯೋದು ನನ್ನ ಎಡಗೈರಿ, ತಿನ್ನೋದು ನಿಮ್ಮ ಬಲಗೈ. ನಿಮಗೇನು ತ್ರಾಸ ಐತಿ? ಕುಂದ್ರಿ."

ಅವರು ಕೂತರು.